ಮನಸ್ಸು ಮರುಗದಿದ್ರೆ ಕರ್ತವ್ಯನೂ ಇಲ್ವಾ? ಸುಡಾನ್ ವಿಷಯದಲ್ಲಿ ಒಂದು ಪ್ರಶ್ನೆ

ಕಬಿನಿ_ದಂಡೆ:
2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಾಕೊಂಡಿದ್ದು ಎಲ್ರಿಗೂ ನೆನಪಿರಬೇಕು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವ್ರು, ಗಿಡಮೂಲಿಕೆ ಔಷಧಿ ಮಾರೋಕೆ ಅಂತ ಅಷ್ಟು ದೂರ ಹೋಗಿದ್ದವ್ರು, ಎಲ್ ಫಾಶರ್ ಅನ್ನೋ ಊರಲ್ಲಿ ಊಟ ನೀರಿಲ್ದೆ ಕೂತಿದಾರೆ ಅಂತ ಟಿವೀಲಿ ಬರ್ತಾನೇ ಇತ್ತು, ಚುನಾವಣೆ ಟೈಮ್ ಬೇರೆ. ಆಮೇಲೆ ಆಪರೇಷನ್ ಕಾವೇರಿ ಅಂತ ಮಾಡಿ ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಇಲ್ಲಿಗೆ ಭಾರತೀಯರನ್ನ ಕರ್ಕೊಂಡ್ ಬಂದ್ರು. ಎಲ್ರಿಗೂ ಉಸಿರು ಬಂತು, ಸುಡಾನ್ ಸುದ್ದಿನೂ ಅಲ್ಲಿಗೆ ನಿಂತೋಯ್ತು.

ಆದ್ರೆ ಅದೇ ಎಲ್ ಫಾಶರ್‌ಗೆ 2024ರ ಮೇನಿಂದ ಆರ್‌ಎಸ್‌ಎಫ್ ಅನ್ನೋ ಅರೆಸೇನಾ ಪಡೆ ಮುತ್ತಿಗೆ ಹಾಕಿ, ಹೆಚ್ಚುಕಮ್ಮಿ ಒಂದೂವರೆ ವರ್ಷ ಊಟ ಔಷಧಿ ಒಳಗೆ ಹೋಗದಂಗೆ ತಡೆದು, 2025ರ ಅಕ್ಟೋಬರ್ ಕೊನೇಲಿ ಊರನ್ನೇ ಹಿಡ್ಕೊಂಡ್ರು. ಒಳಗಿದ್ದ ಜನ ಶೇಂಗಾ ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ ತಿಂದ್ಕೊಂಡು ಬದುಕಿದ್ರು ಅಂತ ಓದಿದೆ, ನಮ್ಮನೇಲಿ ದನಕ್ಕೆ ಹಾಕ್ತೀವಲ್ಲ ಅದೇ.

ಓದಿದಾಗ ಒಂದು ಕ್ಷಣ ಹೊಟ್ಟೆ ಚುರ್ ಅಂತು, ಆಮೇಲೆ ಮುಂದಿನ ಸುದ್ದಿಗೆ ಹೋದೆ. 2023ರಲ್ಲಿ ನಮ್ಮೂರ ಕಡೆಯವ್ರು ಅಂದಾಗ ರಾತ್ರಿ ನಿದ್ದೆ ಬಂದಿರ್ಲಿಲ್ಲ. ಊರು ಅದೇ, ಹಸಿವು ಅದಕ್ಕಿಂತ ಘೋರ. ಹಂಗಾದ್ರೆ ನನ್ನ ಪ್ರಶ್ನೆ ಇಷ್ಟು, ಗುರ್ತು ಪರಿಚಯ ಇಲ್ದೋರ ಬಗ್ಗೆ ಮರುಕ ಹುಟ್ಟೋದು ಬೇರೆ, ಅವರಿಗೆ ಸಹಾಯ ಮಾಡೋ ಹೊಣೆ ಬೇರೆ ಅಂತಾನಾ? ಮರುಕ ಇಳಿದ ಹಾಗೆ ಹೊಣೆನೂ ಇಳಿಯುತ್ತಾ, ಅಥ್ವಾ ಅದು ಹಾಗೇ ಉಳ್ಕೊಂಡಿರುತ್ತಾ?

ಓದುಗ_ಬಸವನಗುಡಿ:
ಬೇರೆ ಬೇರೆನೇ ಮೇಡಂ, ನೀವು ಕೊಟ್ಟ ಉದಾಹರಣೇಲೇ ಅದು ಕಾಣುತ್ತೆ. ಆಪರೇಷನ್ ಕಾವೇರಿ ನಡೆದಿದ್ದು ಯಾರೋ ಅಧಿಕಾರಿಗೆ ಕರುಳು ಕಿತ್ತು ಬಂತು ಅಂತ ಅಲ್ಲ, ಅವರ ಕೈಲಿ ಭಾರತದ ಪಾಸ್‌ಪೋರ್ಟ್ ಇತ್ತು, ಸರ್ಕಾರಕ್ಕೆ ತನ್ನ ಪ್ರಜೆಗಳ ಜವಾಬ್ದಾರಿ ಇತ್ತು. ಟಿವಿ ಏನೂ ತೋರಿಸದೇ ಇದ್ದಿದ್ರೂ ಆ ಜವಾಬ್ದಾರಿ ಇರ್ತಿತ್ತು. ಹಂಗೇ ಅಲ್ಲಿ ಉಳಿದವರ ವಿಷಯದಲ್ಲೂ ನಮಗೆ ಏನಾದ್ರೂ ಹೊಣೆ ಇದ್ರೆ ಅದು ಕ್ಯಾಮೆರಾ ಆಫ್ ಆದ ತಕ್ಷಣ ಹೊರಟೋಗಲ್ಲ.

ಪೀಟರ್ ಸಿಂಗರ್ ಅನ್ನೋ ಫಿಲಾಸಫರ್ 1972ರಲ್ಲಿ ಬರೆದ ಪ್ರಬಂಧ ಒಂದಿದೆ. ಕೊಳದಲ್ಲಿ ಮಗು ಮುಳುಗ್ತಿದೆ, ಬಟ್ಟೆ ಕೆಸರಾಗುತ್ತೆ ಅಂತ ಸುಮ್ನೆ ಹೋಗ್ತೀರಾ, ಹೋಗಲ್ಲ ಅಂದ್ರೆ ದೂರದ ಮಗು ಯಾಕೆ ಬೇರೆ ಅಂತ ಕೇಳ್ತಾರೆ. ಕೊಳದ ಮಾತು ಎಲ್ಲಾ ಕಡೆ ಓಡಾಡುತ್ತೆ, ಅವ್ರು ಅದನ್ನ ಬರೆದಿದ್ದು ಯಾರ ಬಗ್ಗೆ ಅನ್ನೋದನ್ನ ಮಾತ್ರ ಬಿಟ್ಬಿಡ್ತಾರೆ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿ ನಮ್ಮ ದೇಶಕ್ಕೆ ಬಂದ ನಿರಾಶ್ರಿತರ ಬಗ್ಗೆ ಅದು. ಸುಮಾರು 1 ಕೋಟಿ ಜನ!

ಮಂಡ್ಯದ_ಗೌಡ:
ಸಾರ್ ಇದು ಕೇಳೋಕೆ ಚೆನ್ನಾಗಿರುತ್ತೆ ಆದ್ರೆ ನಾನು ಒಪ್ಪಲ್ಲ. ನಮ್ಮಮ್ಮನ ಡಯಾಲಿಸಿಸ್ ದುಡ್ಡಿಗೆ ಪರದಾಡ್ತಿರೋವಾಗ ಸುಡಾನ್ ಮಗುದು ಅಷ್ಟೇ ಹೊಣೆ ಅಂದ್ರೆ ಹೆಂಗೆ, ಪ್ರಪಂಚದಲ್ಲಿ 800 ಕೋಟಿ ಜನ ಇದಾರೆ, ಎಲ್ರಿಗೂ ನಾನೇ ಹೊಣೆ ಅಂದ್ರೆ ಕೊನೆಗೆ ಯಾರಿಗೂ ಯಾರೂ ಹೊಣೆ ಅಲ್ಲ ಅಂತಾಗುತ್ತೆ ಅಷ್ಟೇ. ಪಕ್ಕದ ಮನೆಯವ್ರು ಸತ್ತಾಗ ಹೆಗಲು ಕೊಡ್ದೇ ಇರೋನು ಆಫ್ರಿಕಾಗೆ ದುಡ್ಡು ಕಳ್ಸಿದ್ರೆ ಅವನನ್ನ ದೊಡ್ಡ ಮನುಷ್ಯ ಅನ್ನೋಕೆ ನನಗಾಗಲ್ಲ. ದೂರದೋರಿಗೆ ಅಯ್ಯೋ ಅನ್ನೋದು ಮನುಷ್ಯತ್ವ, ಮಾಡಿದ್ರೆ ಪುಣ್ಯ. ಮಾಡ್ದೇ ಇದ್ರೆ ತಪ್ಪು ಮಾತ್ರ ಅಲ್ಲ.

ಓದುಗ_ಬಸವನಗುಡಿ:
ಗೌಡ್ರೇ ಅಮ್ಮನೇ ಮೊದ್ಲು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ "ಎಲ್ರೂ ಹೊಣೆ ಅಂದ್ರೆ ಯಾರೂ ಅಲ್ಲ" ಅನ್ನೋದಕ್ಕೆ 1971ರಲ್ಲೇ ಉತ್ತರ ಇದೆ. ಆ ನವೆಂಬರ್‌ನಿಂದ ದೇಶದಲ್ಲಿ ಯಾರು ಲಕೋಟೆ ಕಳಿಸಿದ್ರೂ ಮಾಮೂಲಿ ಸ್ಟಾಂಪ್ ಜೊತೆ 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟಾಂಪ್ ಒಂದು ಅಂಟಿಸ್ಲೇಬೇಕಿತ್ತು, 1973ರವರೆಗೂ ನಡೀತು. ಮನೇಲಿ ಹಳೇ ಕಾಗದದ ಕಟ್ಟು ಇದ್ರೆ ನೋಡಿ, ಸಿಗಬಹುದು. ಆಗ ಮಂಡ್ಯದಿಂದ ಮಗಳ ಮದುವೆ ಕಾಗದ ಹಾಕ್ದೋರು ಬಂಗಾಳಿಗಳನ್ನ ಕಣ್ಣಲ್ಲಿ ಕಂಡೋರಲ್ಲ. ಅಂಟಿಸುವಾಗ ಅಯ್ಯೋ ಅನ್ಸಿತ್ತೋ ಇಲ್ವೋ ಪೋಸ್ಟ್ ಮಾಸ್ಟರ್ ಕೇಳ್ಲಿಲ್ಲ. ಅಷ್ಟು ದೊಡ್ಡ ಹೊರೇನ ಎಲ್ರ ಮೇಲೂ 5 ಪೈಸೆ ಆಗಿ ಹಂಚಿದ್ರು, ಯಾರ ಅಮ್ಮನ ಔಷಧಿಗೂ ತೊಂದ್ರೆ ಆಗ್ಲಿಲ್ಲ. ನಾನು ಹೊಣೆ ಅನ್ನೋದು ಇಂಥದ್ದನ್ನ.

ಸಿಸ್ಟರ್_ಕಾರವಾರ:
1971ರ ಅದೇ ನಿರಾಶ್ರಿತರು ಇದ್ದ ಕ್ಯಾಂಪುಗಳ ಒಂದು ವಿಷಯ ನಾನೂ ಹೇಳ್ತೀನಿ, ನಮಗೆ ನರ್ಸಿಂಗ್‌ನಲ್ಲಿ ಹೇಳಿಕೊಟ್ಟಿದ್ದು. ಪಶ್ಚಿಮ ಬಂಗಾಳದ ಗಡಿ ಹತ್ರ ಬೊಂಗಾಂವ್‌ನಲ್ಲಿ ಕಾಲರಾ ಬಂದು ಜನ ಆಸ್ಪತ್ರೆ ನೆಲದ ಮೇಲೇ ವಾಂತಿ ಭೇದೀಲಿ ಬಿದ್ದಿದ್ರು, ಡ್ರಿಪ್ ಹಾಕೋ ಸಲೈನ್ ಮುಗೀತಾ ಬಂತು. ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವ್ರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಅಳತೆ ಮಾಡಿ ಪೊಟ್ಟಣ ಕಟ್ಸಿ, ನೀರಲ್ಲಿ ಕದಡಿ ರೋಗಿಗಳ ಮನೆಯವ್ರ ಕೈಯಿಂದ್ಲೇ ಕುಡಿಸಿದ್ರು. ಸಾವು ನೂರಕ್ಕೆ ಸುಮಾರು 30 ಇದ್ದಿದ್ದು 4ಕ್ಕಿಂತ ಕೆಳಗೆ ಇಳೀತು. ಇವತ್ತು ಅಂಗಡೀಲಿ ಸಿಗೋ ಓಆರ್‌ಎಸ್ ಮೇಲೆ ಜಗತ್ತಿಗೆ ನಂಬಿಕೆ ಬಂದಿದ್ದಕ್ಕೆ ಆ ಕೆಲಸ ದೊಡ್ಡ ಕಾರಣ.

ವಾರ್ಡಲ್ಲಿ ಕೆಲಸ ಮಾಡೋರಿಗೆ ಇದು ಗೊತ್ತಿರುತ್ತೆ, ಪ್ರತಿ ರೋಗಿಗೂ ಕರಗ್ತಾ ಕೂತ್ರೆ ರಾತ್ರಿ ಪಾಳಿ ಮುಗಿಯೋದ್ರೊಳಗೆ ನಾವೇ ಮಲಗ್ತೀವಿ. ಸುಸ್ತಾಗಿ ಏನೂ ಅನ್ಸದೇ ಇರೋ ಹೊತ್ತಲ್ಲೂ ಎರಡು ಗಂಟೆಯ ಇಂಜೆಕ್ಷನ್ ಎರಡು ಗಂಟೆಗೇ ಹೋಗ್ಬೇಕು. ಹಾಗಂತ ಮರುಕ ಬೇಡ ಅಂತಲ್ಲ, ಅದು ಪೂರ್ತಿ ಒಣಗಿಹೋದ ನರ್ಸ್ ಸೂಜಿ ಸರಿಯಾಗೇ ಚುಚ್ತಾಳೆ ಆದ್ರೆ ರೋಗಿ ಹೇಳಕ್ಕಾಗದೆ ನರಳ್ತಿರೋದು ಅವಳಿಗೆ ಕಾಣಲ್ಲ.

ತುಂಗಭದ್ರಾ_ಎಡದಂಡೆ:
ನಮ್ ಸಿಂಧನೂರ್ ತಾಲೂಕಿನಾಗ ಆರ್‌ಎಚ್ ಕ್ಯಾಂಪ್ ಅಂತ ಅದಾವ ನೋಡ್ರಿ, ಆ ಕಡಿಂದ ಬಂದ ಬಂಗಾಲಿ ಮಂದಿನ್ನ ಸರ್ಕಾರ ತಂದು ಇಲ್ಲಿ ನೆಲಿ ಮಾಡ್ಸಿದ್ದು. ದೂರ ಇದ್ದಾಗ ಪಾಪ ಅನ್ನೋದು ಭಾಳ ಹಗುರ ಐತ್ರಿ. ಅವ್ರು ಬಂದು ಬಾಜೂಕ ಹೊಲ ಮಾಡಿ, ಅದ ಕಾಲುವಿ ನೀರು ಕೇಳಿದ್ರ ಅವಾಗ ಪಾಪ ಅನ್ನೋದು ಎಷ್ಟು ಉಳೀತದ ಅಂತ ತಿಳೀತದ. ಇಷ್ಟು ವರ್ಷ ಆದ್ರೂ ಜಾತಿ ಸರ್ಟಿಫಿಕೇಟ್, ಪೌರತ್ವ ಅಂತ ಅಲೆದಾಡೋದು ಅವರಿಗೆ ತಪ್ಪಿಲ್ಲ. ಅದಕ್ಕ ನಾ ಹೇಳೋದು, ಹೊಣಿ ಅನ್ನೋದು ಬರೇ ರೊಕ್ಕ ಕಳ್ಸೋದ್ರಾಗ ಮುಗ್ಯಾಂಗಿಲ್ಲ, ದೂರದವ ಹತ್ರ ಬಂದ ಮ್ಯಾಲೂ ಇರ್ಬೇಕದು. ಗೌಡ್ರು ಪಕ್ಕದ ಮನಿ ಅಂದ್ರಲ್ಲ, ಆ ಪಕ್ಕದ ಮನಿಗೆ ನಿರಾಶ್ರಿತ ಬಂದ್ರ ಅವಂಗೂ ಹೆಗಲು ಕೊಡ್ತೀರೇನ್ರಿ?

ಮಂಡ್ಯದ_ಗೌಡ:
ಕೊಡ್ತೀನಿ ಅಣ್ಣ. ಪಕ್ಕದಲ್ಲಿದ್ಮೇಲೆ ಅವನು ನಮ್ಮೋನೇ. ಆದ್ರೆ ಈ 5 ಪೈಸೆ ಸ್ಟಾಂಪ್ ಸುಡಾನ್‌ಗೆ ಯಾರು ಹಾಕ್ತಾರೆ, ಆಗ ಜನ ನಮ್ಮ ದೇಶದೊಳಗೆ ಬಂದಿದ್ರು, ಸರ್ಕಾರ ಕಾನೂನು ಮಾಡ್ತು. ಸುಡಾನ್‌ಗೆ ಅಂತ ಯಾವ ಸರ್ಕಾರ ಕಾನೂನು ಮಾಡುತ್ತೆ, ಅದನ್ನ ಹೇಳಿ.

ಕಬಿನಿ_ದಂಡೆ:
ಗೌಡ್ರು ಕೇಳಿದ್ದೇ ನಿಜವಾದ ಕಷ್ಟ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಹೇಳೋರು ಯಾರೂ ಇಲ್ದೇ ಇದ್ದಾಗ ನಮ್ಮ ಪಾಲು ಎಷ್ಟು ಅಂತ ನಾವೇ ಗೊತ್ತು ಮಾಡ್ಕೋಬೇಕಾಗುತ್ತೆ, ಬಹುಶಃ ಅಲ್ಲೇ ನಾವೆಲ್ಲ ಜಾರೋದು. ಸಿಸ್ಟರ್ ಹೇಳಿದ್ದು ಮಾತ್ರ ನನಗೆ ಸರಿಯಾಗಿ ತಾಗ್ತು. ನಾನು ಅಳು ಬಂದಾಗ ಕೊಡೋಣ ಅಂತ ಕಾಯ್ತಿದ್ದೆ, ಇನ್ಮೇಲೆ ಸಂಬಳದ ದಿನವೇ ಒಂದು ಸಣ್ಣ ಮೊತ್ತ ವಿಶ್ವಸಂಸ್ಥೆಯ ವರ್ಲ್ಡ್ ಫುಡ್ ಪ್ರೋಗ್ರಾಂಗೆ ಅಂತ ತೆಗೆದಿಡೋಣ ಅಂದ್ಕೊಂಡಿದೀನಿ, ಆ ತಿಂಗಳು ಸುಡಾನ್ ಸುದ್ದೀಲಿ ಇರ್ಲಿ ಬಿಡ್ಲಿ. ಇಲ್ಲಿಂದ ಕಳಿಸೋಕೆ ಬ್ಯಾಂಕಲ್ಲಿ ಏನೇನು ಕೇಳ್ತಾರೆ ಅಂತ ಯಾರಾದ್ರೂ ಮಾಡಿ ಗೊತ್ತಿದ್ರೆ ದಯವಿಟ್ಟು ಹೇಳಿ.