ವೆಲ್ಸ್ ನಿಜವಾಗಲೂ ಬಯಾಲಜಿಯವರಾ, ಇಲ್ಲಾ ಸುಮ್ನೆ ಒಂದು ವರ್ಷ ಕ್ಲಾಸಿಗೆ ಹೋದವರಾ?

ಕಪ್ಪೆಚಿಪ್ಪು:

ಎಚ್. ಜಿ. ವೆಲ್ಸ್ ಬಗ್ಗೆ ಎಲ್ಲಿ ಓದಿದರೂ "ಜೀವಶಾಸ್ತ್ರ ಓದಿದ ಲೇಖಕ, ಥಾಮಸ್ ಹೆನ್ರಿ ಹಕ್ಸ್‌ಲಿಯ ಶಿಷ್ಯ" ಅನ್ನುವ ಒಂದು ಸಾಲು ಬಂದೇ ಬರುತ್ತದೆ. ಆಮೇಲೆ ನೇರ ಅವರ 'ಟೈಮ್ ಮಷೀನ್' ಕಾದಂಬರಿಗೆ ಹಾರಿಬಿಡುತ್ತಾರೆ. ಜೀವಶಾಸ್ತ್ರಜ್ಞ ಹಕ್ಸ್‌ಲಿ ಹತ್ತಿರ ಓದಿದ್ದು 1884-85, ಅದೊಂದೇ ವರ್ಷ. 1887ರಲ್ಲಿ ಕೊನೆಯ ಪರೀಕ್ಷೆಯಲ್ಲಿ ಫೇಲು. 'ಟೈಮ್ ಮಷೀನ್' ಬಂದದ್ದು 1895ರಲ್ಲಿ. ನಡುವೆ ಎಂಟು ವರ್ಷ ಏನು ಮಾಡುತ್ತಿದ್ದರು? ಅಷ್ಟು ಹೊತ್ತಿಗೆ ಕಲಿತದ್ದೆಲ್ಲ ಮರೆತಿರಬೇಕಲ್ವಾ?

ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ, ಕಥೆ ಬರೆಯುವ ಚಟವೂ ಇದೆ, ಅದಕ್ಕೇ ಕೇಳುತ್ತಿರುವುದು. ಮಹಾನ್ ಕಲ್ಪನೆ, ದೂರದೃಷ್ಟಿ ಅಂತೆಲ್ಲ ಹೊಗಳಿಕೆ ಬೇಡ. ಕಥೆಯಲ್ಲಿ ಬಯಾಲಜಿ ಎಲ್ಲಿ ಕೂತಿದೆ ಅಂತ ತೋರಿಸಿದರೆ ಸಾಕು.

ಹಳೇಪುಸ್ತಕ:

ಮರೆಯುವ ಪ್ರಶ್ನೆಯೇ ಇಲ್ಲ, ಆ ಎಂಟು ವರ್ಷ ಹೊಟ್ಟೆ ತುಂಬಿಸಿದ್ದೇ ಬಯಾಲಜಿ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಉದ್ದ ಆದರೆ ಬೇಜಾರಾಗಬೇಡಿ.

ಅಪ್ಪನ ಅಂಗಡಿ ನಡೆಯುತ್ತಿರಲಿಲ್ಲ, ಅಮ್ಮ ಸಿರಿವಂತರ ಬಂಗಲೆಯೊಂದರಲ್ಲಿ ಹೌಸ್‌ಕೀಪರ್. ಹುಡುಗನನ್ನು 1881ರಲ್ಲಿ ಸೌತ್‌ಸೀ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟರು. ಎರಡು ವರ್ಷ ಹೇಗೋ ತಡೆದುಕೊಂಡ. ಆಮೇಲೆ ಅಮ್ಮನ ಜೊತೆ ಜಗಳವಾಡಿ ಬಿಟ್ಟುಬಂದು, ಮಿಡ್‌ಹರ್ಸ್ಟ್‌ನ ಶಾಲೆಯಲ್ಲಿ ಪಾಠ ಹೇಳುತ್ತಾ ತಾನೂ ಓದಿ ಒಂದಾದ ಮೇಲೊಂದು ಪರೀಕ್ಷೆ ಪಾಸು ಮಾಡಿದ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿದ್ದ ನಾರ್ಮಲ್ ಸ್ಕೂಲ್ ಆಫ್ ಸೈನ್ಸ್‌ಗೆ ಸ್ಕಾಲರ್‌ಶಿಪ್ ಸಿಕ್ಕಿದ್ದು ಹಾಗೆ. ವಾರಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್.

ಮೊದಲ ವರ್ಷ ಹಕ್ಸ್‌ಲಿಯ ಬಯಾಲಜಿ, ಅದರಲ್ಲಿ ಫಸ್ಟ್ ಕ್ಲಾಸ್. ಹಕ್ಸ್‌ಲಿಗೆ ಆಗಲೇ ಆರೋಗ್ಯ ಕೆಟ್ಟಿತ್ತು, 1885ರಲ್ಲಿ ಪಾಠ ಬಿಟ್ಟರು. ಮುಂದಿನ ಎರಡು ವರ್ಷ ಫಿಸಿಕ್ಸ್, ಜಿಯಾಲಜಿ. ಮೇಷ್ಟ್ರು ಬದಲಾದರು, ಇವರ ಆಸಕ್ತಿಯೂ ಹೋಯಿತು. ಕ್ಲಾಸು ಬಿಟ್ಟು ಚರ್ಚಾಕೂಟ, ಕಾಲೇಜು ಪತ್ರಿಕೆ ಅಂತ ತಿರುಗಾಡಿದರು. ಫೇಲಾದದ್ದು ಜಿಯಾಲಜಿಯಲ್ಲಿ, ಬಯಾಲಜಿಯಲ್ಲಿ ಅಲ್ಲ. ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ.

ಡಿಗ್ರಿ ಇಲ್ಲದೆ ವೇಲ್ಸ್ ಪ್ರಾಂತ್ಯದ ಒಂದು ಶಾಲೆಯಲ್ಲಿ ಮೇಷ್ಟ್ರಾದರು. ಅಲ್ಲಿ ಫುಟ್‌ಬಾಲ್ ಆಡುವಾಗ ಪೆಟ್ಟು ಬಿದ್ದು ಕಿಡ್ನಿಗೆ ಗಾಯ, ಆಮೇಲೆ ಕೆಮ್ಮಿದರೆ ರಕ್ತ. ಚೇತರಿಸಿಕೊಂಡು ಲಂಡನ್ನಿಗೆ ಬಂದು ಮತ್ತೆ ಮೇಷ್ಟರಿಕೆ, ಜೊತೆಗೆ ರಾತ್ರಿ ಓದು. 1890ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿದರು, ಜುವಾಲಜಿಯಲ್ಲಿ ಫಸ್ಟ್ ಕ್ಲಾಸ್ ಆನರ್ಸ್. ನಂತರ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಟ್ಯುಟೋರಿಯಲ್ ಕಾಲೇಜಿನಲ್ಲಿ ಬಯಾಲಜಿ ಪಾಠ. ದಿನಾ ಕಪ್ಪೆ, ಮೊಲ ಕೊಯ್ದು ತೋರಿಸುವ ಕೆಲಸ. 1893ರಲ್ಲಿ ಬಂದ ಇವರ 'ಟೆಕ್ಸ್ಟ್-ಬುಕ್ ಆಫ್ ಬಯಾಲಜಿ' ಈ ಹುಡುಗರಿಗಾಗಿಯೇ ಬರೆದದ್ದು. ಮೊಲ, ಕಪ್ಪೆ, ಡಾಗ್‌ಫಿಶ್, ಆಂಫಿಯಾಕ್ಸಸ್ ಅಂತ ಒಂದೊಂದೇ ಪ್ರಾಣಿ ಹಿಡಿದು ವಿವರಿಸುತ್ತದೆ, ಚಿತ್ರಗಳೂ ಇವರವೇ.

ಅದೇ ವರ್ಷ ಮತ್ತೆ ಜೋರಾಗಿ ರಕ್ತ ಕಾರಿದರು. ನಿಂತು ಪಾಠ ಮಾಡುವ ಶಕ್ತಿ ಇಲ್ಲದಾಯಿತು. ಕೂತು ಮಾಡುವ ಕೆಲಸ ಬೇಕಿತ್ತು, ಪತ್ರಿಕೆಗಳಿಗೆ ಬರೆಯಲು ಹಿಡಿದರು. ಆರೋಗ್ಯ ಗಟ್ಟಿ ಇದ್ದಿದ್ದರೆ ಟ್ಯುಟೋರಿಯಲ್ ಮೇಷ್ಟ್ರಾಗಿಯೇ ಉಳಿಯುತ್ತಿದ್ದರೋ ಏನೋ.

ಮೂರನೇಬೆಂಚು:

ಇದೆಲ್ಲ ಸರಿ ಸ್ವಾಮಿ. ಆದರೆ ಜುವಾಲಜಿ ಡಿಗ್ರಿ ಇದ್ದ ಮಾತ್ರಕ್ಕೆ ಕಥೆಯಲ್ಲಿ ಬಯಾಲಜಿ ಇದೆ ಅಂತ ಆಗುತ್ತಾ? ನನಗಂತೂ ಅನುಮಾನ. 'ಡಾಕ್ಟರ್ ಮೊರೊ' ನೋಡಿ, 1896ರದ್ದು. ಪ್ರಾಣಿಗಳನ್ನು ಕೊಯ್ದು, ಕಸಿ ಮಾಡಿ ಮನುಷ್ಯರಂತೆ ಮಾಡುತ್ತಾನಂತೆ, ಅವು ಮಾತೂ ಆಡುತ್ತವಂತೆ! ಪಿ. ಚಾಮರ್ಸ್ ಮಿಚೆಲ್ ಅನ್ನುವ ಪ್ರಾಣಿಶಾಸ್ತ್ರಜ್ಞ ಆಗಲೇ 'ಸಾಟರ್ಡೇ ರಿವ್ಯೂ'ನಲ್ಲಿ ಬರೆದ ವಿಮರ್ಶೆಯಲ್ಲಿ ಇದನ್ನು ಹಿಡಿದರು, ಒಂದು ಜಾತಿಯಿಂದ ಇನ್ನೊಂದಕ್ಕೆ ಕಸಿ ಹೀಗೆಲ್ಲ ಹತ್ತುವುದಿಲ್ಲ ಅಂತ. 'ಇನ್‌ವಿಸಿಬಲ್ ಮ್ಯಾನ್' ಅಂತೂ ಕೇಳಲೇಬೇಡಿ. ಕಣ್ಣಿನ ರೆಟಿನಾ ಕೂಡ ಪಾರದರ್ಶಕ ಆದರೆ ಬೆಳಕು ಅಲ್ಲಿ ನಿಲ್ಲುವುದೇ ಇಲ್ಲ, ಆ ಮನುಷ್ಯ ಕುರುಡನಾಗಿರಬೇಕಿತ್ತು.

ಪೀಟರ್ ವಾಟ್ಸ್ ಅಂತ ಕೆನಡಾದವರು ಒಬ್ಬರಿದ್ದಾರೆ, ಕಡಲಿನ ಸಸ್ತನಿಗಳ ಮೇಲೆ ಕೆಲಸ ಮಾಡಿ ಪಿಎಚ್‌.ಡಿ. ಮಾಡಿದವರು. ಅವರ 'ಬ್ಲೈಂಡ್‌ಸೈಟ್' (2006) ಕಾದಂಬರಿಯ ಕೊನೆಗೆ ಯಾವ ಪೇಪರ್‌ನಿಂದ ಏನು ತೆಗೆದುಕೊಂಡೆ ಅಂತ ಟಿಪ್ಪಣಿ ಇದೆ. ಬಯಾಲಜಿ ಓದಿದವರು ಬರೆಯೋದು ಅಂದರೆ ನನಗೆ ಅದು.

ಸೀಳಿದಕಪ್ಪೆ:

ಬೆಂಚಿನವರೇ, 'ಇನ್‌ವಿಸಿಬಲ್ ಮ್ಯಾನ್'ನಲ್ಲಿ ಬೆಕ್ಕಿನ ಭಾಗ ಮತ್ತೊಮ್ಮೆ ಓದಿ ನೋಡಿ. ಕಥಾನಾಯಕ ಗ್ರಿಫಿನ್ ತನ್ನ ಮೇಲೆ ಪ್ರಯೋಗ ಮಾಡಿಕೊಳ್ಳುವ ಮೊದಲು ಒಂದು ಬೆಕ್ಕಿನ ಮೇಲೆ ಮಾಡುತ್ತಾನೆ. ಬೆಕ್ಕೆಲ್ಲ ಮಾಯ, ಆದರೆ ಕಣ್ಣಿನ ಹಿಂಭಾಗದ ಹೊಳೆಯುವ ಪದರ ಮಾತ್ರ ಹೋಗುವುದಿಲ್ಲ. ಟಪೀಟಮ್ ಅಂತ ಹೆಸರೇ ಬರುತ್ತದೆ. ರಾತ್ರಿ ಬೆಕ್ಕಿನ ಕಣ್ಣು ಮಿನುಗುವುದು ಅದರಿಂದಲೇ ಅಲ್ವಾ? ರೂಮಿನಲ್ಲಿ ಬೆಕ್ಕು ಕಾಣದೆ ಎರಡು ಕಣ್ಣಿನ ಹೊಳಪು ಮಾತ್ರ ಕಾಣುತ್ತದೆ. ಮನುಷ್ಯನ ಕಣ್ಣಿನ ವಿಷಯದಲ್ಲಿ ನೀವು ಹೇಳಿದ ತೊಂದರೆ ಹಾಗೇ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಬೆಕ್ಕಿನ ಕಣ್ಣು ಕೊಯ್ದು ನೋಡಿದವರಿಗಲ್ಲದೆ ಬೇರೆಯವರಿಗೆ ಈ ವಿವರ ಹೊಳೆಯುವುದಿಲ್ಲ.

ಆದರೂ ಇದು ಚಿಲ್ಲರೆ. ಮುಖ್ಯ ವಿಷಯ ಬೇರೆ ಇದೆ. ಹಕ್ಸ್‌ಲಿ ಕಾಲದಲ್ಲಿ ವಿಕಾಸ ಅಂದರೆ ಮೇಲಕ್ಕೆ ಹತ್ತುವುದು, ಮೆಟ್ಟಿಲ ತುದಿಯಲ್ಲಿ ಮನುಷ್ಯ, ಅನ್ನುವ ನಂಬಿಕೆ ಜನರಲ್ಲಿ ಗಟ್ಟಿಯಾಗಿತ್ತು. ಲ್ಯಾಬ್‌ನಲ್ಲಿ ಕೂತವರಿಗೆ ಹಾಗೆ ಕಾಣುತ್ತಿರಲಿಲ್ಲ. ಸೀ ಸ್ಕ್ವರ್ಟ್ ಅನ್ನುವ ಕಡಲ ಪ್ರಾಣಿ ತೆಗೆದುಕೊಳ್ಳಿ (ಕಪ್ಪೆಚಿಪ್ಪು, ನಿಮಗೆ ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತಿದ್ದೇನೆ). ಮರಿ ಇದ್ದಾಗ ಗೊದಮೊಟ್ಟೆಯ ಹಾಗೆ ಈಜುತ್ತದೆ, ಬಾಲ ಇದೆ, ಬೆನ್ನೆಲುಬಿನ ಮೊದಲ ರೂಪದಂಥ ನೋಟೊಕಾರ್ಡ್ ಇದೆ, ಬೆಳಕು ಗುರುತಿಸುವ ಕಣ್ಣಿನ ಚುಕ್ಕೆ ಇದೆ. ಆಮೇಲೆ ತಲೆಯ ಕಡೆಯಿಂದ ಬಂಡೆಗೆ ಅಂಟಿಕೊಳ್ಳುತ್ತದೆ. ಬಾಲ ಕರಗುತ್ತದೆ, ಕಣ್ಣು ಹೋಗುತ್ತದೆ, ಕೊನೆಗೆ ನೀರು ಸೋಸಿಕೊಂಡು ಕೂರುವ ಒಂದು ಚೀಲ. ಎಲ್ಲಿಗೂ ಓಡಬೇಕಾಗಿಲ್ಲ ಅಂದಮೇಲೆ ಓಡುವ ಅಂಗ ಯಾಕೆ? ಇಂಥ ಪ್ರಾಣಿಗಳ ಮೇಲೆ ವೆಲ್ಸ್ 1891ರಲ್ಲೇ 'ಜುವಲಾಜಿಕಲ್ ರಿಟ್ರೊಗ್ರೆಷನ್' ಅಂತ ಲೇಖನ ಬರೆದಿದ್ದರು.

ಈಗ 'ಟೈಮ್ ಮಷೀನ್' ತೆಗೆದು ನೋಡಿ. ಕ್ರಿ.ಶ. 8,02,701ರಲ್ಲಿ ಮನುಷ್ಯನ ವಂಶದಲ್ಲಿ ಉಳಿದ ಇಲಾಯ್‌ಗಳು ಅದೇ ಸೀ ಸ್ಕ್ವರ್ಟ್‌ಗಳು. ಹಸಿವಿಲ್ಲ, ಹೋರಾಟವಿಲ್ಲ, ಬುದ್ಧಿಯೂ ಇಲ್ಲ. ಪುಸ್ತಕ ಬಂದ ತಕ್ಷಣ ವೆಲ್ಸ್ ಒಂದು ಪ್ರತಿಯನ್ನು ಹಕ್ಸ್‌ಲಿಗೆ ಕಳಿಸಿ, ಭದ್ರತೆ ಬಂದ ಮೇಲೆ ಜೀವಿ ಕುಗ್ಗುತ್ತದೆ ಅನ್ನುವುದೇ ಇದರ ನಡುವಿನ ವಿಚಾರ, ಬಯಾಲಜಿ ಓದಿನಿಂದ ಬಂದದ್ದು ಅಂತ ಪತ್ರ ಬರೆದರು. ಅದು 1895ರ ಮೇ. ಜೂನ್‌ನಲ್ಲಿ ಹಕ್ಸ್‌ಲಿ ತೀರಿಕೊಂಡರು.

ಇನ್ನೊಂದು ಇದೆ, ನನಗೆ ತುಂಬಾ ಇಷ್ಟವಾದದ್ದು. ಪುಸ್ತಕವಾಗುವ ಮೊದಲು ಇದು 'ನ್ಯೂ ರಿವ್ಯೂ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿದ್ದ ಒಂದು ತುಣುಕನ್ನು ಪುಸ್ತಕದಲ್ಲಿ ತೆಗೆದುಹಾಕಿದರು. ಕಾಲಯಾತ್ರಿ ಇನ್ನೂ ಮುಂದಕ್ಕೆ ಹೋದಾಗ ಮೊಲದಂಥ, ಸಣ್ಣ ಕಾಂಗರೂವಿನಂಥ ಬೂದು ಪ್ರಾಣಿಗಳು ಕುಪ್ಪಳಿಸುತ್ತಿರುತ್ತವೆ. ಒಂದಕ್ಕೆ ಕಲ್ಲು ಹೊಡೆದು ಕೆಡವುತ್ತಾನೆ. ಆಮೇಲೆ ಮಾಡುವುದೇನು? ಥೇಟ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೂತ ಹುಡುಗ ಟೇಬಲ್ ಮೇಲಿನ ಸ್ಪೆಸಿಮನ್ ನೋಡಿದ ಹಾಗೆ ನೋಡುತ್ತಾನೆ. ಕಾಲಲ್ಲಿ ಐದು ಬೆರಳು. ಮುಂಗಾಲು ಹೆಚ್ಚುಕಡಿಮೆ ಕಪ್ಪೆಯ ಮುಂಗಾಲಿನಷ್ಟು ಮನುಷ್ಯನ ಕೈಯನ್ನು ಹೋಲುತ್ತದೆ. ಗುಂಡು ತಲೆ, ಮುಂಚಾಚಿದ ಹಣೆ, ಮುಂದಕ್ಕೆ ನೋಡುವ ಕಣ್ಣು. ನೋಡನೋಡುತ್ತಾ ಇದು ಯಾರ ಸಂತತಿ ಅಂತ ಹೊಳೆಯುತ್ತದೆ, ಅಷ್ಟರಲ್ಲಿ ಒಂದು ದೈತ್ಯ ಶತಪದಿಯಂಥ ಪ್ರಾಣಿ ಬರುತ್ತದೆ, ಓಡಬೇಕಾಗುತ್ತದೆ. ಅಂಗರಚನೆ ಕಲಿತ ಕೈಯಲ್ಲದೆ ಬೇರೆ ಯಾರೂ ಈ ಪುಟ ಬರೆಯಲಾರರು. ಮೆಷೀನ್ ಹೇಗೆ ಓಡುತ್ತದೆ ಅಂತ ಕೇಳಿದರೆ ಅಲ್ಲಿ ಒಂದಿಷ್ಟು ಹಿತ್ತಾಳೆ, ದಂತ, ಸ್ಫಟಿಕ ಬಿಟ್ಟರೆ ಏನೂ ಇಲ್ಲ. ಅದರ ಬಗ್ಗೆ ಅವರು ತಲೆಯೂ ಕೆಡಿಸಿಕೊಂಡಿಲ್ಲ.

ಮೂರನೇಬೆಂಚು:

ಬೆಕ್ಕಿನ ಪಾಯಿಂಟ್ ಚೆನ್ನಾಗಿದೆ. ಮೊರೊ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಹಾಗಾದರೆ 'ವಾರ್ ಆಫ್ ದಿ ವರ್ಲ್ಡ್ಸ್' ಕೊನೆ? ಬ್ಯಾಕ್ಟೀರಿಯಾ ಬಂದು ಭೂಮಿಯ ಮೇಲೆ ದಾಳಿ ಮಾಡಿದ ಮಂಗಳ ಗ್ರಹದವರನ್ನು ಕೊಂದಿತು ಅಂತ ಕಥೆ ಮುಗಿಸುವುದು ಸುಲಭದ ದಾರಿ ಅನ್ನಿಸುವುದಿಲ್ವಾ?

ಸೀಳಿದಕಪ್ಪೆ:

ಅನ್ನಿಸುವುದಿಲ್ಲ. ಅದು 1898ರ ಪುಸ್ತಕ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ್ದು 1882ರಲ್ಲಿ, ಅಂದರೆ ಓದುವವರಿಗೆ ಇದಿನ್ನೂ ಹೊಸ ಸುದ್ದಿ. ಅದಲ್ಲದೆ ಕೊನೆಗೆ ತಟ್ಟನೆ ಇಳಿದುಬಂದ ಉಪಾಯವಲ್ಲ ಅದು. ಮಂಗಳದ ಜೀವಿಗಳ ಶರೀರದ ಬಗ್ಗೆ ನಡುವೆ ಪುಟಗಟ್ಟಲೆ ಬರೆಯುತ್ತಾರೆ. ಜೀರ್ಣಾಂಗ ಇಲ್ಲ, ಬೇರೆ ಪ್ರಾಣಿಯ ರಕ್ತವನ್ನು ನೇರ ತಮ್ಮ ನಾಳಕ್ಕೆ ಹಾಕಿಕೊಳ್ಳುತ್ತವೆ. ನಿದ್ದೆ ಇಲ್ಲ. ಗಂಡು ಹೆಣ್ಣು ಇಲ್ಲ, ಮರಿಗಳು ಮೈಯಿಂದಲೇ ಮೊಳೆಯುತ್ತವೆ. ಅವರ ಲೋಕದಲ್ಲಿ ಸೂಕ್ಷ್ಮಜೀವಿಗಳೇ ಇಲ್ಲ ಅನ್ನುವುದೂ ಅಲ್ಲೇ ಬರುತ್ತದೆ. ರೋಗದ ಜೊತೆ ಗುದ್ದಾಡಿ ನಾವು ತಲೆಮಾರುಗಳಲ್ಲಿ ತೆತ್ತ ಬೆಲೆಯನ್ನು ಅವರು ತೆತ್ತೇ ಇಲ್ಲ. ಶುದ್ಧ ಡಾರ್ವಿನ್ ಅಲ್ವಾ ಇದು?

ತಮಾಷೆ ಏನೆಂದರೆ ಆ ಜೀವಿಗಳ ರೂಪವೂ ಹಳೆಯದೇ. ಲಕ್ಷಾಂತರ ವರ್ಷದ ನಂತರದ ಮನುಷ್ಯ ಬರೀ ತಲೆ ಮತ್ತು ಕೈ ಆಗಿರುತ್ತಾನೆ ಅಂತ 1893ರಲ್ಲಿ ಒಂದು ಹಗುರ ಲೇಖನ ಬರೆದಿದ್ದರು. ಕಾದಂಬರಿಯಲ್ಲಿ ನಿರೂಪಕ ಅದನ್ನೇ ನೆನೆಸಿಕೊಂಡು, ಯಾರೋ ಅರೆಬರೆ ವಿಜ್ಞಾನದ ಲೇಖಕ ಹೀಗೆ ಬರೆದಿದ್ದ ಅನ್ನುತ್ತಾನೆ. ತಮ್ಮ ಕಾಲು ತಾವೇ ಎಳೆದುಕೊಂಡಿದ್ದಾರೆ.

ಕಪ್ಪೆಚಿಪ್ಪು:

ತುಂಬಾ ಥ್ಯಾಂಕ್ಸ್. ಬೂದು ಪ್ರಾಣಿಯ ವಿಷಯ ಗೊತ್ತೇ ಇರಲಿಲ್ಲ. ಒಂದೇ ಪ್ರಶ್ನೆ ಉಳಿದಿದೆ. ಕಥೆಯಲ್ಲಿ ಹೆಸರು ಬಂದ ಮೇಲೆ ಬಯಾಲಜಿ ಬಿಟ್ಟೇಬಿಟ್ಟರಾ? ಎರಡನ್ನೂ ಒಟ್ಟಿಗೆ ನಡೆಸಿದವರು ಯಾರಾದರೂ ಇದ್ದಾರಾ?

ಹಳೇಪುಸ್ತಕ:

ಲ್ಯಾಬ್ ಬಿಟ್ಟರು, ವಿಷಯ ಬಿಡಲಿಲ್ಲ. 1929-30ರಲ್ಲಿ 'ದಿ ಸೈನ್ಸ್ ಆಫ್ ಲೈಫ್' ಅಂತ ಜನಸಾಮಾನ್ಯರಿಗೆ ಬಯಾಲಜಿಯನ್ನೆಲ್ಲ ಹೇಳುವ ದಪ್ಪ ಪುಸ್ತಕ ಕಂತುಗಳಲ್ಲಿ ಬಂತು. ಜೊತೆಗೆ ಬರೆದವರು ಇಬ್ಬರು: ಪ್ರಾಣಿಶಾಸ್ತ್ರಜ್ಞನಾಗಿದ್ದ ಅವರ ಮಗ ಜಿ. ಪಿ. ವೆಲ್ಸ್, ಮತ್ತು ಹಳೇ ಗುರುವಿನ ಮೊಮ್ಮಗ ಜೂಲಿಯನ್ ಹಕ್ಸ್‌ಲಿ. ಜೂಲಿಯನ್ ಇದಕ್ಕಾಗಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊಫೆಸರ್ ಹುದ್ದೆಯನ್ನೇ ಬಿಟ್ಟರು. ವೆಲ್ಸ್ ಅವರನ್ನು ಕೆಲಸಕ್ಕೆ ಹಚ್ಚಿ ಹಿಂಡಿದರು ಅನ್ನುವುದೂ ಉಂಟು.

ರಾಯಲ್ ಸೊಸೈಟಿಯ ಫೆಲೋ ಆಗಬೇಕು ಅಂತ ಬಹಳ ಆಸೆ ಇತ್ತು, ಆಗಲಿಲ್ಲ. 1943ರಲ್ಲಿ, ವಯಸ್ಸು ಎಪ್ಪತ್ತೈದು ದಾಟಿದ ಮೇಲೆ, ಲಂಡನ್ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಕೊಟ್ಟು ಡಿ.ಎಸ್ಸಿ. ತೆಗೆದುಕೊಂಡರು. ಅಷ್ಟು ಹೆಸರು ಮಾಡಿದ ಮೇಲೂ ಡಾಕ್ಟರೇಟಿಗೆ ಕೂತರು ಅಂದರೆ ಆ ಜಿಯಾಲಜಿ ಫೇಲು ಎಷ್ಟು ಚುಚ್ಚಿರಬೇಕು ಅಂತ ನನ್ನ ಊಹೆ.

ಎರಡನ್ನೂ ಒಟ್ಟಿಗೆ ನಡೆಸಿದವರು ಬೇಕೆಂದರೆ ಅಮೆರಿಕದ ಜೋನ್ ಸ್ಲಾನ್‌ಚೆವ್‌ಸ್ಕಿ ಅವರನ್ನು ನೋಡಿ. ಕೆನ್ಯನ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ, ಬ್ಯಾಕ್ಟೀರಿಯಾ ಮೇಲೆ ಸಂಶೋಧನೆ, ಕಾಲೇಜು ಹುಡುಗರು ಓದುವ ದೊಡ್ಡ ಮೈಕ್ರೋಬಯಾಲಜಿ ಪಠ್ಯಪುಸ್ತಕದಲ್ಲಿ ಪಾಲು. ಇದರ ನಡುವೆಯೇ ಕಾದಂಬರಿಗಳು. ಬರೀ ನೀರೇ ತುಂಬಿದ ಲೋಕದ ಮೇಲೆ ಬರೆದ 'ಎ ಡೋರ್ ಇಂಟು ಓಷನ್' 1986ರದ್ದು, ಅದಕ್ಕೆ ಕ್ಯಾಂಪ್‌ಬೆಲ್ ಸ್ಮಾರಕ ಪ್ರಶಸ್ತಿ ಬಂತು. ಕೆಲಸ ಬಿಟ್ಟು ಬರೆಯಲೇಬೇಕು ಅಂತೇನಿಲ್ಲ.

ಸೀಳಿದಕಪ್ಪೆ:

ಕಪ್ಪೆಚಿಪ್ಪು, ವೆಲ್ಸ್‌ರ ಪಠ್ಯಪುಸ್ತಕದ ಮೊದಲ ಭಾಗ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಇದೆ. ಮೊಲದ ಅಧ್ಯಾಯ ಓದಿ, ಆಮೇಲೆ ಆ ಬೂದು ಪ್ರಾಣಿಯ ತುಣುಕು ಓದಿ. ಹುಡುಕುವಾಗ 'ದಿ ಗ್ರೇ ಮ್ಯಾನ್' ಅಂತ ಹಾಕಿ, ಆ ಹೆಸರಲ್ಲೇ ಸಿಗುತ್ತದೆ.