‘ಪರ್ಫಾರ್ಮೆನ್ಸ್’ ಏರ್‌ಫ್ಲೋ ಸೆನ್ಸರ್ ಹಾಕಿಸಿದ ಮೇಲೆ ಪಿಕಪ್ ಹೆಚ್ಚಿತು, ಹಿಂದೆಯೇ ಕಪ್ಪು ಹೊಗೆಯೂ ಬಂತು: ಕಾರಣವೇನಿರಬಹುದು?

ಘಾಟಿ_ಪಯಣಿಗ, ಸಕಲೇಶಪುರ

ಮಾನ್ಯರೇ,

ನನ್ನ ಬಳಿ 2013ರ ಮಾದರಿಯ, 1248 ಸಿಸಿ ಸಾಮರ್ಥ್ಯದ, ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಕಾರಿದೆ. ಈವರೆಗೆ 1,38,000 ಕಿ.ಮೀ. ಓಡಿದೆ. ಕೆಲಸದ ನಿಮಿತ್ತ ವಾರಕ್ಕೆರಡು ಬಾರಿ ಶಿರಾಡಿ ಘಾಟಿ ಇಳಿದು ಹತ್ತುವವನಾದ್ದರಿಂದ ಎಳೆತದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ನನಗೆ ತಿಳಿಯುತ್ತದೆ. ಕಳೆದ ಮಳೆಗಾಲ ಮುಗಿದ ಮೇಲೆ, ಗುಂಡ್ಯದಿಂದ ಮೇಲಕ್ಕೆ ಬರುವಾಗ ಮೂರನೆಯ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ತಿರುವುಗಳಲ್ಲಿ ಎರಡನೆಯ ಗೇರಿಗೆ ಇಳಿಯಬೇಕಾಗಿ ಬಂತು. ಆಗ ಹೊಗೆ ಇರಲಿಲ್ಲ, ಚೆಕ್ ಇಂಜಿನ್ ದೀಪವೂ ಹೊತ್ತಿರಲಿಲ್ಲ.

ಒಬ್ಬ ಬಿಡಿಭಾಗ ವ್ಯಾಪಾರಿಯ ಸಲಹೆಯಂತೆ, ಹದಿನೈದು ಅಶ್ವಶಕ್ತಿ ಹೆಚ್ಚುತ್ತದೆಂಬ ಭರವಸೆಯ ‘ಪರ್ಫಾರ್ಮೆನ್ಸ್’ ಏರ್‌ಫ್ಲೋ ಸೆನ್ಸರನ್ನು 4,800 ರೂಪಾಯಿ ಕೊಟ್ಟು ಹಾಕಿಸಿದೆ. ಮೊದಲ ವಾರ ನಿಜಕ್ಕೂ ಎಳೆತ ಚುರುಕಾಗಿತ್ತು, ಹಾಗಾಗಿ ಹಣ ವ್ಯರ್ಥವಾಗಲಿಲ್ಲವೆಂದು ಸಮಾಧಾನಪಟ್ಟೆ. ಈಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಹಿಂದಿನ ವಾಹನದವರು ದೀಪ ಮಿಣುಕಿಸುವಷ್ಟು ಕಪ್ಪು ಹೊಗೆ ಬರುತ್ತಿದೆ. ಲೀಟರಿಗೆ 20ರ ಆಸುಪಾಸಿನಲ್ಲಿದ್ದ ಮೈಲೇಜ್ 17ಕ್ಕೆ ಇಳಿದಿದೆ. ಸೆನ್ಸರ್ ಶಕ್ತಿಯನ್ನು ಹೆಚ್ಚಿಸಿದ್ದರೆ ಹೊಗೆ ಏಕೆ? ಹೆಚ್ಚಿಸಿಲ್ಲವೆಂದರೆ ಮೊದಲ ವಾರ ನಾನು ಅನುಭವಿಸಿದ್ದು ಏನು? ಹಳೆಯ ಸೆನ್ಸರ್ ಇನ್ನೂ ನನ್ನ ಬಳಿಯೇ ಇದೆ.

ತುಂಗಾ_ತೀರ, ಶಿವಮೊಗ್ಗ

ನಮಸ್ಕಾರ. ನನ್ನದು ಪೆಟ್ರೋಲ್ ಸೆಡಾನ್. ಎರಡು ವರ್ಷದ ಹಿಂದೆ ಅದರ ಏರ್‌ಫ್ಲೋ ಸೆನ್ಸರ್ ಬದಲಾಯಿಸಿದಾಗ ಕಾರು ಹೊಸದಾದಂತೆ ಓಡಿತು, ಇಂದಿಗೂ ಹಾಗೆಯೇ ಇದೆ, ಹೊಗೆಯೂ ಇಲ್ಲ. ಆದ್ದರಿಂದ ಇವೆಲ್ಲ ಮೋಸವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು ಎಂಬುದು ನನ್ನ ಅಭಿಪ್ರಾಯ. ತಮ್ಮದು ಬಹುಶಃ ಇಂಧನ ಸಿಂಪಡಿಸುವ ಇಂಜೆಕ್ಟರ್‌ನ ತೊಂದರೆ ಇರಬಹುದು, ಪರೀಕ್ಷಿಸಿ ನೋಡಿ.

ಗ್ರೀಸ್_ಕೈ, ದಾವಣಗೆರೆ

ಘಾಟಿ_ಪಯಣಿಗ ಅವರೇ, ಇಂಜೆಕ್ಟರ್‌ಗೆ ಕೈ ಹಾಕುವ ಮುನ್ನ ದಯವಿಟ್ಟು ಇದನ್ನೊಮ್ಮೆ ಓದಿ. ಇಂಜೆಕ್ಟರ್ ಬಿಚ್ಚಿಸುವ ಖರ್ಚು ನಿಮ್ಮ ಸೆನ್ಸರ್‌ನ ಬೆಲೆಯನ್ನು ಮೀರುತ್ತದೆ, ಮತ್ತು ನಿಮ್ಮ ವಿವರಣೆಯಲ್ಲಿ ಅದರತ್ತ ಬೆರಳು ತೋರಿಸುವ ಅಂಶವೇನೂ ನನಗೆ ಕಾಣಲಿಲ್ಲ.

ಏರ್‌ಫ್ಲೋ ಸೆನ್ಸರ್ ಗಾಳಿಯನ್ನು ತಳ್ಳುವುದಿಲ್ಲ, ಅಳೆಯುತ್ತದೆ ಅಷ್ಟೆ. ಏರ್ ಫಿಲ್ಟರ್ ದಾಟಿದ ಕೂಡಲೇ ಕೊಳವೆಯಲ್ಲಿ ಕುಳಿತಿರುವ ಅದರೊಳಗೆ ವಿದ್ಯುತ್ತಿನಿಂದ ಬಿಸಿಯಾಗುವ ತೆಳುವಾದ ತಂತಿ ಅಥವಾ ಪದರವಿರುತ್ತದೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ತಣಿದಷ್ಟನ್ನೂ ಮತ್ತೆ ಬಿಸಿ ಮಾಡಿ ಅದೇ ಉಷ್ಣತೆಯಲ್ಲಿ ಇರಿಸಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಗಾಳಿಯ ತೂಕ ತಿಳಿಯುತ್ತದೆ. ಅಳೆಯುವುದು ಗಾತ್ರವನ್ನಲ್ಲ, ತೂಕವನ್ನು. ಮಂಗಳೂರಿನ ಕಡಲ ಮಟ್ಟದ ಗಾಳಿಗಿಂತ ಸಕಲೇಶಪುರದ ಗಾಳಿ ಸರಿಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ನೀವು ಘಾಟಿ ಹತ್ತುತ್ತಿರುವಾಗಲೇ ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಈ ವ್ಯತ್ಯಾಸಕ್ಕೆ ಹೊಂದಿಕೊಳ್ಳುವುದರಲ್ಲಿ ಈ ಅಳತೆಗೆ ದೊಡ್ಡ ಪಾತ್ರವಿದೆ. ತಕ್ಕಡಿ ಬದಲಿಸಿದ ಮಾತ್ರಕ್ಕೆ ಮೂಟೆಯಲ್ಲಿರುವ ಅಕ್ಕಿ ಹೆಚ್ಚುವುದಿಲ್ಲ. ಆದರೆ ತಕ್ಕಡಿ ಸುಳ್ಳು ಹೇಳಿದರೆ ಅದನ್ನು ನಂಬಿ ಬೇಯಿಸುವವನ ಲೆಕ್ಕವೆಲ್ಲ ತಪ್ಪುತ್ತದೆ.

ಪೆಟ್ರೋಲ್ ಕಾರಿನಲ್ಲಿ ಈ ತಪ್ಪಿನ ಬಹುಪಾಲನ್ನು ಇಸಿಯು ತಾನೇ ತಿದ್ದಿಕೊಳ್ಳುತ್ತದೆ. ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಎಂಬ ಪ್ರಮಾಣ ನಿಲ್ಲುತ್ತಿದೆಯೇ ಎಂದು ಸೈಲೆನ್ಸರ್ ಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್ ಸದಾ ನೋಡುತ್ತಿರುತ್ತದೆ, ಹೆಚ್ಚುಕಡಿಮೆಯಾದರೆ ಇಂಧನವನ್ನು ಹೊಂದಿಸಲಾಗುತ್ತದೆ. ಅಂದಮೇಲೆ ಸಾಮಾನ್ಯ ಓಟದಲ್ಲಿ ‘ಪರ್ಫಾರ್ಮೆನ್ಸ್’ ಸೆನ್ಸರ್ ಏನೇ ಹೇಳಿದರೂ ಕೆಲವೇ ದಿನಗಳಲ್ಲಿ ಅದು ರದ್ದಾಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅನೇಕ ಕಾರುಗಳಲ್ಲಿ ಈ ತಿದ್ದುಪಡಿ ನಿಲ್ಲುತ್ತದೆ. ಆಗ ಸೆನ್ಸರ್ ಇರುವುದಕ್ಕಿಂತ ಕಡಿಮೆ ಗಾಳಿಯನ್ನು ತೋರಿಸುತ್ತಿದ್ದರೆ ಇಂಧನ ಕಡಿಮೆಯಾಗಿ, ಕಿಡಿ ಬೇಗ ಹಾರಿ, ಇಂಜಿನ್ ನಾಕ್ ಹೊಡೆಯುವ, ಅಂದರೆ ಒಳಗೆ ಇಂಧನ ಅಡ್ಡಾದಿಡ್ಡಿ ಸಿಡಿಯುವ ಅಪಾಯವೂ ಉಂಟು. ನಮ್ಮ ರಸ್ತೆಗಳ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅನೇಕವಕ್ಕೆ ಈ ಸೆನ್ಸರೇ ಇಲ್ಲ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕೊಳವೆಯ ಒತ್ತಡದಿಂದಲೇ ಅವು ಗಾಳಿಯನ್ನು ಲೆಕ್ಕ ಹಾಕುತ್ತವೆ ಎಂಬುದನ್ನು ಕೊಳ್ಳುವ ಮುನ್ನ ತಿಳಿದಿರುವುದು ಒಳ್ಳೆಯದು.

ನಿಮ್ಮಂಥ ಡೀಸೆಲ್ ಕಾರಿನ ಕಥೆ ಬೇರೆ. ಎಷ್ಟು ಡೀಸೆಲ್ ಸಿಂಪಡಿಸಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ನಿಮ್ಮ ಕಾಲು. ಏರ್‌ಫ್ಲೋ ಸೆನ್ಸರ್ ಇರುವುದು ಎರಡು ಕೆಲಸಗಳಿಗೆ. ಮೊದಲನೆಯದು, ಸುಟ್ಟ ಅನಿಲದ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳುಹಿಸುವ ಇಜಿಆರ್ ಕವಾಟವನ್ನು ಎಷ್ಟು ತೆರೆಯಬೇಕೆಂದು ತೀರ್ಮಾನಿಸುವುದು. ಎರಡನೆಯದು, ಇರುವ ಗಾಳಿಗೆ ಮೀರಿ ಡೀಸೆಲ್ ಸುರಿದು ಹೊಗೆ ಬಾರದಂತೆ ಮಿತಿ ಹಾಕುವುದು. ಸೆನ್ಸರ್ ಕಡಿಮೆ ಗಾಳಿಯನ್ನು ತೋರಿಸಿದರೆ ಈ ಮಿತಿ ಬಿಗಿಯಾಗಿ, ಹೊಗೆಯಿಲ್ಲದೆ, ದೀಪವೂ ಹೊತ್ತದೆ ಎಳೆತ ಕುಗ್ಗುತ್ತದೆ. ನಿಮ್ಮ ಮೊದಲ ದೂರು ಅಕ್ಷರಶಃ ಇದೇ. ಹೆಚ್ಚು ತೋರಿಸಿದರೆ ಮಿತಿ ಸಡಿಲಗೊಂಡು ಹೆಚ್ಚು ಡೀಸೆಲ್ ಒಳಹೋಗುತ್ತದೆ, ಸ್ವಲ್ಪ ಎಳೆತ ಸಿಗುತ್ತದೆ, ಉರಿಯಲು ಗಾಳಿ ಸಾಲದ ಪಾಲು ಮಸಿಯಾಗಿ ಹೊರಬರುತ್ತದೆ. ಅದೇ ಹೊತ್ತಿಗೆ, ತಾಜಾ ಗಾಳಿ ಬೇಕಾದಷ್ಟಿದೆಯೆಂದು ಭ್ರಮಿಸಿದ ಇಸಿಯು ನಿಧಾನದ ಓಟದಲ್ಲಿ ಇಜಿಆರನ್ನು ಇನ್ನಷ್ಟು ತೆರೆಯುತ್ತದೆ. ಮೈಲೇಜ್ ಇಳಿದಿರುವುದಕ್ಕೆ ಇವೆರಡೂ ಕಾರಣವಾಗಿರಬಹುದು.

ಇದು ಇನ್ನೂ ಊಹೆಯಷ್ಟೆ. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಇಜಿಆರ್ ಕವಾಟದ ಕನೆಕ್ಟರ್ ತೆಗೆಸಿ (ಇದರಿಂದ ದಾಖಲಾಗುವ ದೋಷ ಸಂಕೇತವನ್ನು ನಂತರ ಅಳಿಸಬಹುದು), ಐಡಲಿಂಗ್‌ನಲ್ಲಿ ಪ್ರತಿ ಸ್ಟ್ರೋಕಿಗೆ, ಅಂದರೆ ಒಂದು ಸಿಲಿಂಡರ್ ಒಮ್ಮೆ ಗಾಳಿ ಎಳೆದುಕೊಂಡಾಗ, ಎಷ್ಟು ಮಿಲಿಗ್ರಾಂ ಗಾಳಿ ತೋರಿಸುತ್ತದೆಂದು ಎರಡೂ ಸೆನ್ಸರ್‌ಗಳಿಂದ ಬರೆದುಕೊಳ್ಳಿ. ಕವಾಟ ಮಸಿ ಕಟ್ಟಿ ಅರೆತೆರೆದು ನಿಂತಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಎರಡೂ ಅಳತೆಗಳು ಸುಳ್ಳಾಗುತ್ತವೆ. ಜೊತೆಗೆ ಮೂರನೆಯ ಗೇರಿನಲ್ಲಿ 3000 ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದಾಗ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಇಸಿಯು ಕೇಳುವ ಒತ್ತಡವೆಷ್ಟು, ಸಿಗುವುದೆಷ್ಟು ಎಂಬುದನ್ನೂ ನೋಡಿಸಿ. ಸ್ಕ್ಯಾನರ್ ನೋಡಲು ಇನ್ನೊಬ್ಬರು ಪಕ್ಕದಲ್ಲಿರಲಿ.

ತುಂಗಾ_ತೀರ ಅವರೇ, ನಿಮ್ಮ ಅನುಭವ ಸುಳ್ಳಲ್ಲ. ಹಳೆಯ ಸೆನ್ಸರ್ ಕೊಳೆಯಾಗಿದ್ದರೆ ಹೊಸದು ಯಾವುದನ್ನು ಹಾಕಿದರೂ ಕಾರಿನ ಕಳೆದುಹೋದ ಶಕ್ತಿ ಮರಳುತ್ತದೆ. ಕಾರ್ಖಾನೆಯಿಂದ ಬಂದಾಗ ಇದ್ದದ್ದು ಮರಳುವುದಕ್ಕೂ ಅದಕ್ಕಿಂತ ಹೆಚ್ಚುವುದಕ್ಕೂ ನಡುವಿನ ವ್ಯತ್ಯಾಸವನ್ನು ವ್ಯಾಪಾರಿಗಳು ಬೇಕೆಂದೇ ಮಸುಕುಗೊಳಿಸುತ್ತಾರೆ.

ಹಳೇ_ಟ್ಯೂನರ್, ಬೆಂಗಳೂರು

ಗ್ರೀಸ್_ಕೈ ಅವರ ಮಾತಿಗೆ ಒಂದು ಸೇರ್ಪಡೆ. ಈ ನಂಬಿಕೆ ಎಲ್ಲಿಂದ ಹುಟ್ಟಿತೆಂಬುದಕ್ಕೆ ಸ್ವಲ್ಪ ಇತಿಹಾಸವಿದೆ. 1970ರ ದಶಕದಲ್ಲಿ ಬಂದ ಬಾಷ್ ಕಂಪನಿಯ ಎಲ್-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಗಾಳಿಯನ್ನು ಅಳೆಯಲು ಸ್ಪ್ರಿಂಗ್ ಬಿಗಿದ ಒಂದು ರೆಕ್ಕೆಬಾಗಿಲು ಇರುತ್ತಿತ್ತು, ಅದು ಗಾಳಿಗೆ ಅಡ್ಡ ನಿಂತು ತುಸು ತಡೆ ಒಡ್ಡುತ್ತಿತ್ತು. ಅದನ್ನು ತೆಗೆದು ಬಿಸಿತಂತಿಯ ಸೆನ್ಸರ್ ಕೂರಿಸಿ ಇಂಧನದ ಲೆಕ್ಕವನ್ನೂ ಹೊಸದಾಗಿ ಹೊಂದಿಸಿದವರಿಗೆ ನಿಜವಾಗಿಯೇ ಅಲ್ಪ ಲಾಭವಾಗುತ್ತಿತ್ತು. ಅಮೆರಿಕದಲ್ಲಿ 5.0 ಲೀಟರಿನ ಫೋರ್ಡ್ ಮಸ್ಟ್ಯಾಂಗ್ ಕಾರಿಗೆ 1980ರ ದಶಕದ ಕೊನೆಯಲ್ಲಿ ಏರ್‌ಫ್ಲೋ ಸೆನ್ಸರ್ ಬಂದ ಮೇಲೆ ಹೊರಗಿನವರು ದೊಡ್ಡ ಬಾಯಿಯ ಸೆನ್ಸರ್‌ಗಳನ್ನು ಮಾರತೊಡಗಿದರು. ಕಾರ್ಖಾನೆಯಿಂದ ಬಂದ, ಗಂಟೆಗೆ 19 ಪೌಂಡ್ ಇಂಧನ ಸಿಂಪಡಿಸುವ ಇಂಜೆಕ್ಟರ್ ತೆಗೆದು 24 ಪೌಂಡಿನದನ್ನು ಹಾಕಿದವರಿಗೆ, ಗಾಳಿಯನ್ನು ಅದೇ ಅನುಪಾತದಲ್ಲಿ ಕಡಿಮೆ ತೋರಿಸಿ ಹಳೆಯ ಇಸಿಯುವಿನ ಲೆಕ್ಕವನ್ನು ಸರಿದೂಗಿಸುವ ಸೆನ್ಸರ್ ಸಿಗುತ್ತಿತ್ತು. ಅಲ್ಲಿ ಸುಳ್ಳು ಉದ್ದೇಶಪೂರ್ವಕ, ಅಳೆದು ಸುರಿದು ಹೇಳಿದ್ದು. ಶಕ್ತಿ ಬಂದದ್ದು ಸೂಪರ್‌ಚಾರ್ಜರ್, ಸಿಲಿಂಡರ್ ಹೆಡ್, ಕ್ಯಾಮ್‌ಶಾಫ್ಟ್ ಮೊದಲಾದವುಗಳಿಂದ. ಅವುಗಳಲ್ಲಿ ಒಂದನ್ನೂ ಮುಟ್ಟದ ಕಾರಿಗೆ ಸೆನ್ಸರ್ ಮಾತ್ರ ಹಾಕುವುದು, ಬೋರ್‌ವೆಲ್ ಕೊರೆಸದೆ ಮೀಟರ್ ಕೂರಿಸಿದಂತೆ.

ಇನ್ನು, ನೂರಿನ್ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ‘ಪವರ್ ಚಿಪ್’ಗಳಲ್ಲಿ ಕೆಲವನ್ನು ನಾನು ಕುತೂಹಲಕ್ಕೆ ಬಿಚ್ಚಿ ನೋಡಿದ್ದೇನೆ. ಒಳಗಿದ್ದದ್ದು ಒಂದೇ ಒಂದು ರೆಸಿಸ್ಟರ್. ಗಾಳಿಯ ಉಷ್ಣತೆ ತಿಳಿಸುವ ತಂತಿಗೆ ಅದನ್ನು ಸೇರಿಸಿದರೆ, ಮೇ ತಿಂಗಳ ರಾಯಚೂರಿನಲ್ಲಿಯೂ ಇಸಿಯು ಹೊರಗೆ ಮಂಜು ಸುರಿಯುತ್ತಿದೆಯೆಂದು ತಿಳಿಯುತ್ತದೆ.

ಘಾಟಿ_ಪಯಣಿಗ, ಸಕಲೇಶಪುರ

ತಾವೆಲ್ಲರೂ ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞ. ಇಂದು ಬೆಳಗ್ಗೆ ಪರಿಚಿತ ಮೆಕ್ಯಾನಿಕ್ ಒಬ್ಬರ ಬಳಿ ಅಳತೆ ಮಾಡಿಸಿದೆ. ಇಜಿಆರ್ ಕವಾಟವನ್ನು ಬಿಚ್ಚಿ ಸ್ವಚ್ಛಗೊಳಿಸಿ, ಅದು ಪೂರ್ತಿ ಮುಚ್ಚುತ್ತಿದೆಯೆಂದು ಕಣ್ಣಾರೆ ನೋಡಿ, ಮತ್ತೆ ಜೋಡಿಸಿದ ಮೇಲೆ ಬಂದ ಅಂಕಿಗಳಿವು: ಹೊಸ ಸೆನ್ಸರ್‌ನಲ್ಲಿ ಪ್ರತಿ ಸ್ಟ್ರೋಕಿಗೆ 346 ಮಿಲಿಗ್ರಾಂ, ಹಳೆಯದರಲ್ಲಿ 231. ಹೊರಗಿನ ಉಷ್ಣತೆ ಸುಮಾರು 27 ಡಿಗ್ರಿ ಇತ್ತು. ಟರ್ಬೊ ಒತ್ತಡ 2100 ಮಿಲಿಬಾರ್ ಕೇಳಿದಾಗ 1750 ಮಾತ್ರ ಸಿಗುತ್ತಿದೆ, ಈ ಕೊರತೆ ಎರಡೂ ಸೆನ್ಸರ್‌ಗಳಲ್ಲಿ ಒಂದೇ ರೀತಿ ಇದೆ. ಎರಡರಲ್ಲಿ ಯಾವ ಸೆನ್ಸರ್ ಸರಿ?

ಗ್ರೀಸ್_ಕೈ, ದಾವಣಗೆರೆ

ಎರಡೂ ತಪ್ಪು. ಇದನ್ನು ಕಾಗದದ ಮೇಲೆಯೇ ತೋರಿಸಬಹುದು.

ನಿಮ್ಮ ಇಂಜಿನ್ನಿನ ಒಂದು ಸಿಲಿಂಡರ್‌ನ ಗಾತ್ರ 1248ರ ನಾಲ್ಕನೆಯ ಒಂದು ಭಾಗ, ಅಂದರೆ 312 ಸಿಸಿ. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ 27 ಡಿಗ್ರಿಯಲ್ಲಿ ಒಂದು ಲೀಟರ್ ಗಾಳಿ ಸರಿಸುಮಾರು 1.05 ಗ್ರಾಂ ತೂಗುತ್ತದೆ. ಸಿಲಿಂಡರ್ ಮೂಲೆಮೂಲೆಯವರೆಗೂ ತುಂಬಿತೆಂದುಕೊಂಡರೂ 328 ಮಿಲಿಗ್ರಾಂ ದಾಟದು. ಐಡಲಿಂಗ್‌ನಲ್ಲಿ ಟರ್ಬೊ ಹೇಳಿಕೊಳ್ಳುವಷ್ಟು ಒತ್ತಡ ಕೊಡುವುದಿಲ್ಲ, ಕವಾಟಗಳ ತಡೆಯಿಂದಾಗಿ ಶೇಕಡ 85ರಿಂದ 90ರಷ್ಟು ತುಂಬಿದರೆ ಹೆಚ್ಚು. ಹಾಗಾಗಿ ನಿಜವಾದ ಅಂಕಿ 280ರಿಂದ 295ರೊಳಗೆ ಇರಬೇಕು. ಹೊಸ ಸೆನ್ಸರ್ ಹೇಳುತ್ತಿರುವ 346 ಮಿಲಿಗ್ರಾಂ ಗಾಳಿಯನ್ನು ಆ ಸಿಲಿಂಡರ್ ಹಿಡಿಯಲಾರದು. ಉತ್ಪಾದಕರು ಬೇಕೆಂದೇ ಹೆಚ್ಚು ತೋರಿಸುವಂತೆ ಮಾಡಿದರೋ ಅಥವಾ ಅಗ್ಗದ ತಯಾರಿಕೆಯಿಂದ ಹಾಗಾಯಿತೋ ಹೇಳಲಾಗದು, ಕಾರಿಗಂತೂ ಎರಡೂ ಒಂದೇ. ಚೆಕ್ ಇಂಜಿನ್ ದೀಪ ಹೊತ್ತದಿರುವುದಕ್ಕೆ ಮೋಸಹೋಗಬೇಡಿ. ಏರ್‌ಫ್ಲೋ ಅಳತೆಯ ದೋಷ ತಿಳಿಸುವ ಪಿ0101 ಸಂಕೇತ ಬರುವುದು ಅಳತೆ ಇಸಿಯುವಿನ ನಂಬಿಕೆಯ ಮಿತಿಯನ್ನು ದಾಟಿದಾಗ, ಆ ಮಿತಿ ಸಾಕಷ್ಟು ಉದಾರವಾಗಿರುತ್ತದೆ.

ಹಳೆಯದು 231 ತೋರಿಸುತ್ತಿರುವುದು ಬಹುಶಃ ಕೊಳೆಯಿಂದ. ಏರ್‌ಫ್ಲೋ ಸೆನ್ಸರ್‌ಗೆಂದೇ ಸಿಗುವ ಕ್ಲೀನರ್ ಸ್ಪ್ರೇಯಿಂದ ದೂರದಿಂದ ಸಿಂಪಡಿಸಿ, ಒರೆಸದೆ, ಬೆರಳು ತಾಗಿಸದೆ, ಪೂರ್ತಿ ಆರಿದ ಮೇಲೆ ಹಾಕಿ. ಕಾರ್ಬ್ಯುರೇಟರ್ ಕ್ಲೀನರ್ ಬಳಸಬೇಡಿ, ಅದು ಪದರವನ್ನು ಹಾಳುಮಾಡಬಹುದು. ಎಣ್ಣೆ ಸವರಿದ ಬಟ್ಟೆಯ ಏರ್ ಫಿಲ್ಟರ್ ಹಾಕಿಸಿದ್ದರೆ ಅದನ್ನೂ ತೆಗೆಸಿ, ಅತಿಯಾಗಿ ಸವರಿದ ಎಣ್ಣೆ ಈ ಪದರದ ಮೇಲೆಯೇ ಬಂದು ಕೂರುತ್ತದೆ.

ಆದರೆ ನನ್ನ ಗಮನ ಇರುವುದು 350 ಮಿಲಿಬಾರಿನ ಕೊರತೆಯ ಮೇಲೆ. ಟರ್ಬೊದಿಂದ, ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ಹೋಸ್‌ಗಳಲ್ಲಿ ಎಲ್ಲೋ ಗಾಳಿ ಸೋರುತ್ತಿರಬೇಕು. ಸೋರುವ ಗಾಳಿ ಸೆನ್ಸರನ್ನು ದಾಟಿ ಬಂದದ್ದು, ಲೆಕ್ಕಕ್ಕೆ ಸೇರಿದ್ದು, ಸಿಲಿಂಡರಿಗೆ ಮಾತ್ರ ಸೇರದ್ದು. ಹಳೆಯ ಸೆನ್ಸರ್ ಕಡಿಮೆ ಹೇಳುತ್ತಿದ್ದರಿಂದ ಈ ಸೋರಿಕೆಯ ಹೊಗೆ ಮರೆಯಾಗಿತ್ತು, ಹೊಸದು ಬಂದು ಅದನ್ನು ಬಯಲಿಗೆಳೆಯಿತು. ಕ್ಲ್ಯಾಂಪ್‌ಗಳ ಸುತ್ತ ಎಣ್ಣೆಯ ಜಿಡ್ಡು ಎಲ್ಲಿದೆಯೆಂದು ನೋಡಿ, ಸೋರಿಕೆ ಅಲ್ಲಿಯೇ ಇರುತ್ತದೆ.

ಘಾಟಿ_ಪಯಣಿಗ, ಸಕಲೇಶಪುರ

ಹೋಸ್ ಸಿಕ್ಕಿತು. ಇಂಟರ್‌ಕೂಲರ್‌ನ ಕೆಳತುದಿಯಲ್ಲಿ, ಕ್ಲ್ಯಾಂಪಿನ ಅಡಿಯಲ್ಲಿಯೇ, ಹೊರಗಿನಿಂದ ಕಾಣದಂತೆ ಒಂದೂವರೆ ಅಂಗುಲ ಸೀಳಿತ್ತು. ಕೈಯಲ್ಲಿ ಒತ್ತಿದಾಗಲಷ್ಟೇ ಬಾಯಿ ಬಿಟ್ಟಿತು. ಹೋಸ್ ಮತ್ತು ಕ್ಲ್ಯಾಂಪ್ ಸೇರಿ 1,150 ರೂಪಾಯಿ ಆಯಿತು. ಸ್ವಚ್ಛಗೊಳಿಸಿದ ಹಳೆಯ ಸೆನ್ಸರ್ ಈಗ 283 ಮಿಲಿಗ್ರಾಂ ತೋರಿಸುತ್ತಿದೆ, ಟರ್ಬೊ ಒತ್ತಡ 2060ರವರೆಗೆ ಬರುತ್ತಿದೆ. ನಿನ್ನೆ ಗುಂಡ್ಯದಿಂದ ಮಾರನಹಳ್ಳಿಯವರೆಗೆ ಮೂರನೆಯ ಗೇರಿನಲ್ಲಿಯೇ ಹತ್ತಿದೆ, ಹಿಂದಿನ ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ. ಮೈಲೇಜನ್ನು ಎರಡು ಟ್ಯಾಂಕ್ ಮುಗಿದ ಮೇಲೆ ತಿಳಿಸುತ್ತೇನೆ.

4,800 ರೂಪಾಯಿಯ ಸೆನ್ಸರನ್ನು ವ್ಯಾಪಾರಿ ಹಿಂದಕ್ಕೆ ಪಡೆಯಲು ಒಪ್ಪುತ್ತಿಲ್ಲ. ಒಮ್ಮೆ ಜೋಡಿಸಿದ ವಿದ್ಯುತ್ ಭಾಗಕ್ಕೆ ವಾಪಸಾತಿ ಇಲ್ಲವೆಂದು ಬಿಲ್ಲಿನ ಕೆಳಗೆ ಅಚ್ಚಾಗಿದೆ, ನಾನು ಓದಿರಲಿಲ್ಲ.

ತುಂಗಾ_ತೀರ, ಶಿವಮೊಗ್ಗ

ಇಂಜೆಕ್ಟರ್ ಎಂದು ಹೇಳಿದ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಈ ಚರ್ಚೆ ಓದಿದ ಮೇಲೆ, ಅಟ್ಟದ ಮೇಲಿದ್ದ ನನ್ನ ಹಳೆಯ ಸೆನ್ಸರನ್ನು ಕ್ಲೀನರ್ ಹಾಕಿ ತೊಳೆದು ಮತ್ತೆ ಜೋಡಿಸಿ ನೋಡಿದೆ. ಎರಡು ವರ್ಷದ ಹಿಂದೆ ಕೊಂಡ ಸೆನ್ಸರ್‌ಗೂ ಅದಕ್ಕೂ ಓಟದಲ್ಲಿ ನನಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.