ಪೀಸಾ 2022: ಫಿನ್ಲೆಂಡ್, ವಿಯೆಟ್ನಾಂ ಹೋಲಿಸಲು ಸರಾಸರಿ ಅಂಕ ಪಕ್ಕಪಕ್ಕ ಇಟ್ಟರೆ ಸಾಕಾ?

ಎಂಎಡ್_ವಿದ್ಯಾರ್ಥಿನಿ (ಪ್ರಶ್ನೆ)

ಫಿನ್ಲೆಂಡ್ ಮತ್ತು ವಿಯೆಟ್ನಾಂ ಶಾಲಾ ವ್ಯವಸ್ಥೆಗಳ ಹೋಲಿಕೆ ನನ್ನ ಪ್ರಬಂಧದ ವಿಷಯ. ಪೀಸಾ (ಒಇಸಿಡಿ ಎಂಬ ದೇಶಗಳ ಒಕ್ಕೂಟ 15 ವರ್ಷದ ಮಕ್ಕಳಿಗೆ ನಡೆಸುವ ಅಂತರರಾಷ್ಟ್ರೀಯ ಪರೀಕ್ಷೆ) 2022ರ ಗಣಿತದಲ್ಲಿ ಫಿನ್ಲೆಂಡ್ 484, ವಿಯೆಟ್ನಾಂ 469. ಎರಡರ ತಲಾ ಆದಾಯಕ್ಕೆ ಅಜಗಜಾಂತರ, ಅಂಕದಲ್ಲಿ ಮಾತ್ರ 15ರ ವ್ಯತ್ಯಾಸ. ಇದಕ್ಕೆ ಎರಡೂ ಕಡೆಯ ಪಠ್ಯಕ್ರಮದಲ್ಲಿ ಕಾರಣ ಹುಡುಕಬೇಕೆಂದಿದ್ದೇನೆ. ಕೆಲವು ಗೊಂದಲಗಳಿವೆ. ಈ ಎರಡು ಅಂಕಗಳನ್ನು ನೇರವಾಗಿ ಹೋಲಿಸಬಹುದಾ? ಒಇಸಿಡಿ ಫೈಲಿನಲ್ಲಿ ಒಬ್ಬ ವಿದ್ಯಾರ್ಥಿಗೆ ಗಣಿತದ ಅಂಕ ಹತ್ತು ಕಾಲಂನಲ್ಲಿದೆ, ಯಾವುದನ್ನು ತೆಗೆದುಕೊಳ್ಳಬೇಕು? 'ಶಾಲೆ ನನ್ನದು ಅನ್ನಿಸುತ್ತದೆ' ಎಂಬಂಥ ಪ್ರಶ್ನೆಗಳ ಸರಾಸರಿಯನ್ನೂ ಹೋಲಿಸುವ ಆಸೆ. ಭಾರತದ ಡೇಟಾ ಸೇರಿಸಲು ಸಾಧ್ಯವಿದ್ದರೆ ಅದನ್ನೂ ತಿಳಿಸಿ.

ಸ್ಯಾಂಪಲ್_ಮೇಷ್ಟ್ರು

ಮೊದಲು ಪರೀಕ್ಷೆ ಬರೆದವರು ಯಾರು ಅಂತ ನೋಡಿ. ಪೀಸಾ ಅಳೆಯುವುದು 15 ವರ್ಷ 3 ತಿಂಗಳಿಂದ 16 ವರ್ಷ 2 ತಿಂಗಳ ನಡುವಿನ, ಏಳನೇ ತರಗತಿ ಅಥವಾ ಅದಕ್ಕಿಂತ ಮೇಲೆ ಓದುತ್ತಿರುವ ಮಕ್ಕಳನ್ನು. ಶಾಲೆ ಬಿಟ್ಟವರು ಲೆಕ್ಕಕ್ಕೇ ಬರುವುದಿಲ್ಲ. ವಿಯೆಟ್ನಾಮಿನಲ್ಲಿ ಒಂಬತ್ತನೇ ತರಗತಿ ಮುಗಿದ ಮೇಲೆ ಹತ್ತಕ್ಕೆ ಸೇರಲು ಪ್ರವೇಶ ಪರೀಕ್ಷೆ ಇದೆ, ಅಲ್ಲಿ ಬಹಳ ಮಕ್ಕಳು ಉದುರುತ್ತಾರೆ. ಆ ವಯಸ್ಸಿನ ಒಟ್ಟು ಮಕ್ಕಳಲ್ಲಿ ಪೀಸಾ ಸ್ಯಾಂಪಲ್ ಪ್ರತಿನಿಧಿಸಿದ್ದು 2012ರಲ್ಲಿ ಶೇ 56, 2015ರಲ್ಲಿ ಶೇ 49, 2022ರಲ್ಲಿ ಶೇ 68. ಫಿನ್ಲೆಂಡಿನಲ್ಲಿ ಬಹುತೇಕ ಎಲ್ಲರೂ ಒಳಗಿದ್ದಾರೆ. ಹಾಗಾಗಿ 469 ಎನ್ನುವುದು ವಿಯೆಟ್ನಾಮಿನ ಮಕ್ಕಳ ಸರಾಸರಿ ಅಲ್ಲ, ಶಾಲೆಯಲ್ಲಿ ಉಳಿದವರ ಸರಾಸರಿ.

ಸರಿಪಡಿಸಲು ಒಂದು ಸರಳ ದಾರಿ ಇದೆ. ಸರಾಸರಿ ಬಿಟ್ಟು, ಆ ವಯಸ್ಸಿನ ಎಲ್ಲ ಮಕ್ಕಳಲ್ಲಿ ಮೇಲಿನ ಕಾಲುಭಾಗ ಶುರುವಾಗುವ ಅಂಕವನ್ನು ಹೋಲಿಸಿ. ಹೊರಗುಳಿದವರಲ್ಲಿ ಯಾರೂ ಆ ಕಾಲುಭಾಗಕ್ಕೆ ಬರುತ್ತಿರಲಿಲ್ಲ ಎಂದು ಊಹಿಸಿಕೊಳ್ಳುತ್ತೇವೆ. ವ್ಯಾಪ್ತಿ (ಸ್ಯಾಂಪಲ್ ಪ್ರತಿನಿಧಿಸುವ ಮಕ್ಕಳ ಪಾಲು) 0.68 ಆದರೆ 0.25 ÷ 0.68 = 0.37, ಅಂದರೆ ಪರೀಕ್ಷೆ ಬರೆದವರಲ್ಲಿ ಮೇಲಿನ ಶೇ 37 ಶುರುವಾಗುವ ಅಂಕ, ಅಂದರೆ 63ನೇ ಪರ್ಸೆಂಟೈಲ್ (ಶೇ 63 ಮಕ್ಕಳು ಇದಕ್ಕಿಂತ ಕೆಳಗಿರುತ್ತಾರೆ) ತೆಗೆಯಬೇಕು. ವ್ಯಾಪ್ತಿ 0.95 ಇರುವ ದೇಶಕ್ಕೆ 74ನೇ ಪರ್ಸೆಂಟೈಲ್. ಊಹೆ ತಪ್ಪಿದರೂ ನಿಜವಾದ ಅಂಕ ಇದಕ್ಕಿಂತ ಮೇಲಿರುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ, ಆದ್ದರಿಂದ ಇದು ಕನಿಷ್ಠ ಅಂದಾಜು. ಮೀಡಿಯನ್‌ಗೂ (ಸರಿಯಾಗಿ ನಡುವೆ ನಿಲ್ಲುವ ಮಗುವಿನ ಅಂಕ) ಇದೇ ಸೂತ್ರ ನಡೆಯುತ್ತದೆ. ಆದರೆ 2015ರ ವಿಯೆಟ್ನಾಮಿಗೆ ನಡೆಯುವುದಿಲ್ಲ, ಅರ್ಧಕ್ಕಿಂತ ಕಡಿಮೆ ಮಕ್ಕಳಷ್ಟೇ ವ್ಯಾಪ್ತಿಯಲ್ಲಿದ್ದರಲ್ಲ!

ಇನ್ನೆರಡು ಮಾತು. ಒಂದೇ ವಯಸ್ಸಾದರೂ ತರಗತಿ ಬೇರೆ. ಫಿನ್ಲೆಂಡಿನಲ್ಲಿ ಒಂದನೇ ತರಗತಿ ಏಳನೇ ವರ್ಷಕ್ಕೆ, ಹಾಗಾಗಿ ಹೆಚ್ಚಿನವರು ಒಂಬತ್ತರಲ್ಲಿದ್ದರು. ವಿಯೆಟ್ನಾಮಿನವರು ಹೆಚ್ಚಾಗಿ ಹತ್ತರಲ್ಲಿ. ಫಿನ್ಲೆಂಡ್ ಬರೆದದ್ದು ಕಂಪ್ಯೂಟರಿನಲ್ಲಿ, ವಿಯೆಟ್ನಾಂ ಕಾಗದದ ಮೇಲೆ. 2018ರಲ್ಲಂತೂ ವಿಯೆಟ್ನಾಮಿನ ಅಂಕಗಳನ್ನು ಬೇರೆ ದೇಶಗಳ ಜೊತೆ ಹೋಲಿಸಬಹುದೆಂಬ ಖಾತ್ರಿ ಸಿಗದೆ ಅವನ್ನು ಪಟ್ಟಿಯಿಂದಲೇ ಹೊರಗಿಟ್ಟರು. 2015ರಿಂದ 2022ಕ್ಕೆ ಗೆರೆ ಎಳೆಯುವ ಮೊದಲು ಇದು ನೆನಪಿರಲಿ.

ಆರ್_ಬಳಕೆದಾರ

ಹತ್ತು ಕಾಲಂ ವಿಷಯಕ್ಕೆ ಬರುತ್ತೇನೆ. ಅವು ಮಗುವಿನ ಅಂಕಗಳಲ್ಲ. ಪ್ರತಿ ವಿದ್ಯಾರ್ಥಿಗೂ ಒಟ್ಟು ಪ್ರಶ್ನೆಗಳಲ್ಲಿ ಒಂದು ಭಾಗವನ್ನು ಮಾತ್ರ ಕೊಟ್ಟಿರುತ್ತಾರೆ. ಅವನ ಸಾಮರ್ಥ್ಯ ಇಷ್ಟಿರಬಹುದು ಎಂಬ ಹಂಚಿಕೆಯಿಂದ ಹತ್ತು ಸಲ ಎತ್ತಿದ ಅಂಕಿ ಅವು, ಪ್ಲಾಸಿಬಲ್ ವ್ಯಾಲ್ಯೂ ಅಂತ ಹೆಸರು. 2012ರವರೆಗೆ ಐದು ಇರುತ್ತಿದ್ದವು, 2015ರಿಂದ ಹತ್ತು.

ಎಲ್ಲರೂ ಮಾಡುವ ಎಡವಟ್ಟು ಅಂದರೆ ಹತ್ತನ್ನೂ ಕೂಡಿಸಿ ಹತ್ತರಿಂದ ಭಾಗಿಸಿ ಒಬ್ಬರಿಗೆ ಒಂದೇ ಅಂಕ ಮಾಡಿಕೊಳ್ಳುವುದು. ದೇಶದ ಸರಾಸರಿ ಸರಿಯಾಗಿಯೇ ಬರುತ್ತದೆ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಅಂಕಗಳ ಹರಡುವಿಕೆ ಕುಗ್ಗಿಹೋಗುತ್ತದೆ. ಮೇಲೆ ಹೇಳಿದ ಪರ್ಸೆಂಟೈಲ್ ಲೆಕ್ಕ ಕೆಡುವುದೇ ಇಲ್ಲಿ. ಪ್ರತಿ ಕಾಲಂಗೂ ಇಡೀ ಲೆಕ್ಕ ಬೇರೆಯಾಗಿ ಮಾಡಿ, ಕೊನೆಯಲ್ಲಿ ಉತ್ತರಗಳ ಸರಾಸರಿ ತೆಗೆಯಿರಿ.

ಸ್ಟ್ಯಾಂಡರ್ಡ್ ಎರರ್‌ಗೆ (ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ) ಫೈಲಿನಲ್ಲಿ ಒಂದು ಅಂತಿಮ ವೇಟ್ (ಒಬ್ಬ ವಿದ್ಯಾರ್ಥಿ ಎಷ್ಟು ಮಕ್ಕಳನ್ನು ಪ್ರತಿನಿಧಿಸುತ್ತಾನೆ ಎಂಬ ತೂಕ) ಜೊತೆಗೆ ಅದನ್ನೇ ಬದಲಿಸಿ ಮಾಡಿದ 80 ರೆಪ್ಲಿಕೇಟ್ ವೇಟ್ ಇವೆ. ಒಂದು ಪ್ಲಾಸಿಬಲ್ ವ್ಯಾಲ್ಯೂ ಹಿಡಿದು ಅಂತಿಮ ವೇಟ್‌ನಿಂದ ಒಂದು ಉತ್ತರ, 80 ವೇಟ್‌ಗಳಿಂದ 80 ಉತ್ತರ ತೆಗೆಯಿರಿ. ಪ್ರತಿಯೊಂದರಿಂದ ಮೊದಲನೆಯದನ್ನು ಕಳೆದು, ವರ್ಗ ಮಾಡಿ, ಕೂಡಿ, 20ರಿಂದ ಭಾಗಿಸಿ. (80ರಿಂದ ಅಲ್ಲ. ಇಲ್ಲಿ ಬಳಸಿರುವುದು ಫೇ ಎಂಬ ವಿಧಾನ, ಗುಣಕ 0.5, ಹಾಗಾಗಿ 80 × (1 − 0.5)² = 20.) ಹತ್ತಕ್ಕೂ ಹೀಗೆ ಮಾಡಿ ಸರಾಸರಿ ತೆಗೆದು, ಹತ್ತು ಉತ್ತರಗಳ ನಡುವಿನ ವೇರಿಯನ್ಸ್ (ಹರಡುವಿಕೆಯ ಅಳತೆ) ಅನ್ನು 1.1ರಿಂದ ಗುಣಿಸಿ ಸೇರಿಸಿ, ವರ್ಗಮೂಲ ತೆಗೆಯಿರಿ. ಒಂದು ಸಂಖ್ಯೆಗೆ ಒಟ್ಟು 810 ಸಲ ಲೆಕ್ಕ. ಕೈಯಲ್ಲಿ ಮಾಡಬೇಕಿಲ್ಲ, ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದಲ್ಲಿ 'intsvy' ಅಥವಾ 'ಎಡ್‌ಸರ್ವೆ' ಪ್ಯಾಕೇಜ್, ಎಸ್‌ಪಿಎಸ್‌ಎಸ್ ತಂತ್ರಾಂಶ ಇದ್ದರೆ ಐಇಎ ಸಂಸ್ಥೆಯ ಐಡಿಬಿ ಅನಲೈಸರ್ ಇದನ್ನು ಮಾಡಿಕೊಡುತ್ತವೆ.

ಇಷ್ಟು ತಾಪತ್ರಯ ಯಾಕೆ ಅಂದರೆ, ವಿಯೆಟ್ನಾಮಿನ 6,068 ವಿದ್ಯಾರ್ಥಿಗಳು ಬಂದದ್ದು 178 ಶಾಲೆಗಳಿಂದ, ಶಾಲೆಗೆ ಸುಮಾರು 34. ಒಂದೇ ಶಾಲೆಯ ಮಕ್ಕಳ ಅಂಕ ಒಂದೇ ಥರ ಇರುತ್ತವೆ. ಒಟ್ಟು ವ್ಯತ್ಯಾಸದಲ್ಲಿ ಶಾಲೆಗಳ ನಡುವಿನದು 0.3 ಭಾಗ ಅಂತ ಇಟ್ಟುಕೊಳ್ಳಿ: 1 + 33 × 0.3 = 10.9, ಮಾಹಿತಿ ಇಷ್ಟು ಪಟ್ಟು ಕುಗ್ಗುತ್ತದೆ. ಆರು ಸಾವಿರ ಮಕ್ಕಳಿದ್ದರೂ ಮಾಹಿತಿ ಸುಮಾರು 560 ಮಕ್ಕಳಷ್ಟೇ. ಸಾಮಾನ್ಯ ಟಿ-ಟೆಸ್ಟ್ (ಎರಡು ಸರಾಸರಿಗಳ ವ್ಯತ್ಯಾಸದ ಪರೀಕ್ಷೆ) ಹಾಕಿದರೆ ಎರರ್ ಮೂರು ಪಟ್ಟು ಚಿಕ್ಕದಾಗಿ ಕಾಣುತ್ತದೆ, ಸಿಕ್ಕಿದ್ದೆಲ್ಲ 'ಸಿಗ್ನಿಫಿಕೆಂಟ್' (ಆಕಸ್ಮಿಕವಲ್ಲದ್ದು) ಆಗಿಬಿಡುತ್ತದೆ.

ಪಠ್ಯಕ್ರಮ_ಓದುಗ

ಪಠ್ಯಕ್ರಮದಲ್ಲಿ ಕಾರಣ ಹುಡುಕುತ್ತೀರಾದರೆ ಮೊದಲು ಒಂದು ಕಾಗದದಲ್ಲಿ ಮಕ್ಕಳ ಹುಟ್ಟಿದ ವರ್ಷ ಬರೆದುಕೊಳ್ಳಿ. ಫಿನ್ಲೆಂಡಿನ ಹೊಸ ಪಠ್ಯಕ್ರಮ 2014ರದ್ದು, ಶಾಲೆಗೆ ಬಂದದ್ದು 2016ರ ಆಗಸ್ಟ್‌ನಲ್ಲಿ. ಗಣಿತದ ಅಂಕ 2006ರಲ್ಲಿ 548, 2009ರಲ್ಲಿ 541, 2012ರಲ್ಲಿ 519, 2015ರಲ್ಲಿ 511. ಇಷ್ಟೂ ಇಳಿತ ಹೊಸ ಪಠ್ಯಕ್ರಮ ಬರುವ ಮೊದಲೇ ಆಗಿಹೋಗಿದೆ. ಆದರೂ ಅದನ್ನೇ ದೂರುವ ಲೇಖನಗಳಿಗೆ ಲೆಕ್ಕವಿಲ್ಲ. ವಿಯೆಟ್ನಾಮಿನ 2018ರ ಪಠ್ಯಕ್ರಮ ಒಂದನೇ ತರಗತಿಗೆ ಬಂದದ್ದು 2020–21ರಲ್ಲಿ, ಹತ್ತಕ್ಕೆ 2022–23ರಲ್ಲಿ. ಪೀಸಾ 2022 ಬರೆದ ಮಕ್ಕಳು ಓದಿದ್ದು ಹಳೆಯದನ್ನೇ. ಹೊಸ ಪಠ್ಯಕ್ರಮದ ದಾಖಲೆ ಇಟ್ಟುಕೊಂಡು 469ಕ್ಕೆ ವಿವರಣೆ ಕೊಟ್ಟರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಶಾಲೆಯ ಅನುಭವದ ಸರಾಸರಿಗಳನ್ನು ದೇಶದಿಂದ ದೇಶಕ್ಕೆ ಹೋಲಿಸಬೇಡಿ, ಇದು ನನ್ನ ಖಚಿತ ಅಭಿಪ್ರಾಯ. 'ಪೂರ್ತಿ ಒಪ್ಪುತ್ತೇನೆ' ಎಂದು ಧಾರಾಳವಾಗಿ ಟಿಕ್ ಮಾಡುವ ಅಭ್ಯಾಸ ಒಂದೊಂದು ದೇಶದಲ್ಲಿ ಒಂದೊಂದು ಥರ. ಒಂದು ದೇಶದೊಳಗೆ ನೋಡಿದರೆ ಗಣಿತ ಇಷ್ಟ ಎನ್ನುವ ಮಕ್ಕಳ ಅಂಕ ಹೆಚ್ಚು. ಅದೇ ದೇಶಗಳ ಸರಾಸರಿ ಹಾಕಿದರೆ ಸಂಬಂಧ ತಿರುವುಮುರುವು: ಜಪಾನ್, ಕೊರಿಯಾ ಮಕ್ಕಳು ಆಸಕ್ತಿ ಕಡಿಮೆ ಎನ್ನುತ್ತಾರೆ, ಅಂಕ ಮೇಲಿರುತ್ತದೆ.

ಬದಲಿಗೆ ಹೀಗೆ ಮಾಡಿ. ಶಾಲೆಯ ಜೊತೆಗಿನ ನಂಟಿನ ಪ್ರಶ್ನೆಯಲ್ಲಿ ಆರು ವಾಕ್ಯಗಳಿವೆ. ಮೂರು ಒಳ್ಳೆಯ ಮಾತು, ಮೂರು 'ನಾನು ಹೊರಗಿನವನು', 'ಒಂಟಿತನ ಕಾಡುತ್ತದೆ' ಎಂಬ ಥರದವು. ಪ್ರತಿ ದೇಶದಲ್ಲೂ ಎರಡು ಗುಂಪುಗಳ ನಡುವಿನ ಪರಸ್ಪರ ಸಂಬಂಧ ನೋಡಿ. ಒಂದು ದೇಶದಲ್ಲಿ ಅದು ತೀರಾ ಸಡಿಲವಾಗಿದ್ದರೆ ಅಲ್ಲಿನ ಸೂಚ್ಯಂಕ ಬೇರೇನನ್ನೋ ಅಳೆಯುತ್ತಿದೆ. ಸರಿಯಿದ್ದರೆ ದೇಶದೊಳಗಿನ ಅಂತರಗಳನ್ನು ಹೋಲಿಸಿ: ಬಡ ಕಾಲುಭಾಗ ಮತ್ತು ಸ್ಥಿತಿವಂತ ಕಾಲುಭಾಗದ ನಡುವೆ, ಹುಡುಗಿಯರು ಮತ್ತು ಹುಡುಗರ ನಡುವೆ.

2022ರಲ್ಲಿ ಒಂದು ಬಲೆ ಇದೆ. ಕಂಪ್ಯೂಟರ್ ಪ್ರಶ್ನಾವಳಿಯ ಹಲವು ಅಳತೆಗಳಲ್ಲಿ ಪ್ರತಿ ಮಗುವಿಗೂ ಎಲ್ಲ ವಾಕ್ಯ ತೋರಿಸಿಲ್ಲ, ಯಾದೃಚ್ಛಿಕವಾಗಿ ಐದನ್ನು ಮಾತ್ರ. ಖಾಲಿ ಇದ್ದವರನ್ನೆಲ್ಲ ತೆಗೆದುಹಾಕುವ ಆಜ್ಞೆ ಕೊಟ್ಟರೆ ಸ್ಯಾಂಪಲ್ ಪೂರ್ತಿ ಮಾಯ. ಕಾಗದದಲ್ಲಿ ಬರೆದ ದೇಶಕ್ಕೆ ಆ ಕಾಲಂನಲ್ಲಿ ಡೇಟಾ ಇದೆಯೇ ಅಂತ ಮೊದಲು ಎಣಿಸಿ ನೋಡಿ.

ಎಂಎಡ್_ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದ. ಪ್ರಶ್ನೆಯನ್ನು ದೇಶದೊಳಗಿನ ಅಂತರಗಳಿಗೆ ಸೀಮಿತ ಮಾಡಿಕೊಳ್ಳುತ್ತೇನೆ. ಭಾರತದ ವಿಷಯ ಉಳಿಯಿತು.

ಸ್ಯಾಂಪಲ್_ಮೇಷ್ಟ್ರು

ಪೀಸಾದಲ್ಲಿ ಭಾರತ ಅಂತ ಇರುವುದು 2009ರ ಸುತ್ತಿನ ಮುಂದುವರಿಕೆಯಲ್ಲಿ ಬರೆದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಮಾತ್ರ. ಗಣಿತದಲ್ಲಿ 351 ಮತ್ತು 338. ಕರ್ನಾಟಕದ ಡೇಟಾ ಇಲ್ಲ. 2021ರ ಸುತ್ತಿಗೆ (ಅದೇ 2022ಕ್ಕೆ ಮುಂದೆ ಹೋಯಿತು) ಕೇಂದ್ರೀಯ ವಿದ್ಯಾಲಯ, ನವೋದಯ ಮತ್ತು ಚಂಡೀಗಢ ಸೇರುವುದೆಂದು 2019ರಲ್ಲಿ ಒಪ್ಪಂದವಾಗಿತ್ತು, 2022ರ ಫಲಿತಾಂಶದಲ್ಲಿ ಭಾರತವಿಲ್ಲ. ರಾಷ್ಟ್ರೀಯ ಸಾಧನಾ ಸಮೀಕ್ಷೆಯ ಅಂಕವನ್ನು ಪೀಸಾ ಅಂಕದ ಪಕ್ಕ ಇಡಬೇಡಿ. ಅಳತೆಪಟ್ಟಿ ಬೇರೆ, ಎರಡನ್ನೂ ಜೋಡಿಸುವ ಸಮಾನ ಪ್ರಶ್ನೆಗಳಿಲ್ಲ.

ಭಾರತ–ವಿಯೆಟ್ನಾಂ ಹೋಲಿಕೆಯೇ ಬೇಕಿದ್ದರೆ 'ಯಂಗ್ ಲೈವ್ಸ್' ಡೇಟಾ ತೆರೆಯಿರಿ. ಇಥಿಯೋಪಿಯಾ, ಪೆರು, ವಿಯೆಟ್ನಾಂ ಜೊತೆಗೆ ನಮ್ಮ ಆಂಧ್ರಪ್ರದೇಶ ಮತ್ತು ತೆಲಂಗಾಣ ಅದರಲ್ಲಿವೆ. ಪ್ರತಿ ದೇಶದಲ್ಲಿ 2001–02ರಲ್ಲಿ ಹುಟ್ಟಿದ ಸುಮಾರು 2,000 ಮತ್ತು 1994–95ರಲ್ಲಿ ಹುಟ್ಟಿದ ಸುಮಾರು 1,000 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಮಕ್ಕಳನ್ನು ಮನೆಯಿಂದ ಆರಿಸಿರುವುದರಿಂದ ಶಾಲೆ ಬಿಟ್ಟವರೂ ಒಳಗಿದ್ದಾರೆ, ಮೇಲಿನ ವ್ಯಾಪ್ತಿಯ ತಲೆನೋವು ಇಲ್ಲ. ಯುಕೆ ಡೇಟಾ ಆರ್ಕೈವ್‌ನಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ಸ್ಯಾಂಪಲ್ ಬಡ ಪ್ರದೇಶಗಳ ಕಡೆ ವಾಲಿದೆ, ಹಾಗಾಗಿ ಇಡೀ ದೇಶದ ಸರಾಸರಿ ಅಂತ ಬರೆಯಬೇಡಿ. ಒಂದೇ ಮಗು ಐದು, ಎಂಟು, ಹನ್ನೆರಡನೇ ವಯಸ್ಸಿನಲ್ಲಿ ಎಲ್ಲಿತ್ತು ಅಂತ ನೋಡಲು ಪೀಸಾದಲ್ಲಿ ದಾರಿಯಿಲ್ಲ, ಇಲ್ಲಿದೆ.